ಯಾರ ಮೇಲೆ ಇಷ್ಟು ಸಿಟ್ಟು?

ಮನೆಯಲ್ಲಿ ಮೊದಲ ಸಲ ನೇಪಾಮ್ ಡೆತ್ ಬ್ಯಾಂಡಿನ ‘ಸ್ಕಮ್’ ಆಲ್ಬಮ್ ಹಾಕಿದಾಗ ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಸೌಟು. ಬಯ್ಯುತ್ತಾರೆ ಅಂದುಕೊಂಡೆ, ಬಯ್ಯಲಿಲ್ಲ. ಸ್ವಲ್ಪ ಹೊತ್ತು ಕೇಳಿ, “ಯಾರ ಮೇಲೆ ಕಣೋ ಅವನಿಗೆ ಇಷ್ಟು ಸಿಟ್ಟು?” ಅಂದರು.

ಗ್ರೈಂಡ್‌ಕೋರ್ ಎಂಬ ಈ ಅತಿ ವೇಗದ, ಕಿರುಚಾಟದ ಸಂಗೀತದ ಬಗ್ಗೆ ಇದಕ್ಕಿಂತ ಒಳ್ಳೆ ಪ್ರಶ್ನೆಯನ್ನು ನಾನು ಇವತ್ತಿಗೂ ಕೇಳಿಲ್ಲ. ಅದು ಈಗ ಮತ್ತೆ ನೆನಪಾಗಲು ಕಾರಣ ಇದೆ. ಈಚೆಗೆ ಹೊಸ ಬ್ಯಾಂಡ್‌ಗಳ ಮೊದಲ ಆಲ್ಬಮ್‌ಗಳನ್ನು ಹುಡುಕಿ ಹುಡುಕಿ ಕೇಳುತ್ತಿದ್ದೆ. ಎಷ್ಟೋ ಕವರ್‌ಗಳ ಮೇಲೆ ಅದೇ ಕೊಯ್ದ ಹೆಣ, ಅದೇ ಹಿಂಸೆಗೆ ಸಿಕ್ಕ ಹೆಣ್ಣಿನ ದೇಹ. ಕೇಳಿದರೆ, ಅಂಡರ್‌ಗ್ರೌಂಡ್ ಸಂಗೀತ ಅಂದ್ರೆ ಹೀಗೇ, ಜನರನ್ನು ಕೆರಳಿಸಬೇಕು ಅನ್ನುತ್ತಾರೆ. ಕೆರಳಿಸಲಿ, ಬೇಡ ಅನ್ನುವುದಿಲ್ಲ. ಆದರೆ ಅಮ್ಮ ಕೇಳಿದ್ದನ್ನೇ ನಾನೂ ಕೇಳುತ್ತೇನೆ. ಸಿಟ್ಟು ಯಾರ ಮೇಲೆ?

ಬರ್ಮಿಂಗ್‌ಹ್ಯಾಮ್ ಇಂಗ್ಲೆಂಡಿನ ಕಾರ್ಖಾನೆಗಳ ಊರು. ಹೆವಿ ಮೆಟಲ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಗಿಟಾರಿಸ್ಟ್ ಟೋನಿ ಅಯೋಮಿ ಬೆರಳ ತುದಿ ಕಳೆದುಕೊಂಡಿದ್ದು ಅಲ್ಲಿನ ತಗಡಿನ ಕಾರ್ಖಾನೆಯಲ್ಲೇ. 80ರ ದಶಕ ಬರುವಷ್ಟರಲ್ಲಿ ಆ ಕೆಲಸಗಳೂ ಹೋಗುತ್ತಿದ್ದವು. ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾಗಿದ್ದ ಕಾಲ. 1981ರಲ್ಲಿ ಊರ ಹತ್ತಿರದ ಮೆರಿಡನ್ ಎಂಬ ಹಳ್ಳಿಯಲ್ಲಿ ಸ್ಕೂಲಿಗೆ ಹೋಗುವ ಹುಡುಗರು ಕಟ್ಟಿದ ಬ್ಯಾಂಡ್ ನೇಪಾಮ್ ಡೆತ್. 1986ರ ಆಗಸ್ಟ್‌ನಲ್ಲಿ ನಿಕ್ ಬುಲೆನ್, ಜಸ್ಟಿನ್ ಬ್ರಾಡ್ರಿಕ್, ಮಿಕ್ ಹ್ಯಾರಿಸ್ ಸೇರಿ ‘ಸ್ಕಮ್’ ಎಲ್‌ಪಿ ತಟ್ಟೆಯ ಮೊದಲ ಸೈಡ್ ರೆಕಾರ್ಡ್ ಮಾಡಿದರು. ಮೂವರಿಗೂ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆದ ಖರ್ಚು ಸುಮಾರು 50 ಪೌಂಡ್. ಆಮೇಲೆ ಬ್ಯಾಂಡ್ ಒಡೆಯಿತು. 1987ರ ಮೇ ತಿಂಗಳಲ್ಲಿ ಎರಡನೇ ಸೈಡ್ ಮಾಡುವಾಗ ಹಳಬರಲ್ಲಿ ಉಳಿದಿದ್ದು ಡ್ರಮ್ಮರ್ ಹ್ಯಾರಿಸ್ ಒಬ್ಬರೇ. ಹಾಡಲು ಲೀ ಡೊರಿಯನ್, ಗಿಟಾರ್‌ಗೆ ಬಿಲ್ ಸ್ಟಿಯರ್, ಬೇಸ್‌ಗೆ ಜಿಮ್ ವೈಟ್ಲಿ ಬಂದರು. ಅದೇ ವರ್ಷ ಇಯರೇಕ್ ಕಂಪನಿ ಆಲ್ಬಮ್ ಹೊರತಂದಿತು. ಒಟ್ಟು 28 ಹಾಡು, ಸುಮಾರು 33 ನಿಮಿಷ.

ಕವರ್ ಬರೆದವರು ಜೆಫ್ ವಾಕರ್. ಸೂಟು ಹಾಕಿದ ಗಂಡಸರು ಸಾಲಾಗಿ ನಿಂತಿದ್ದಾರೆ. ಅವರ ಮುಂದೆ ಹಸಿದ, ಬಡಕಲು ಜನ. ಕೆಳಗೆ ತಲೆಬುರುಡೆಗಳ ರಾಶಿ, ಅಲ್ಲೇ ದೊಡ್ಡ ದೊಡ್ಡ ಕಂಪನಿಗಳ ಲೋಗೋಗಳು. ಅಮ್ಮನಿಗೆ ಉತ್ತರವಾಗಿ ನಾನು ಇದನ್ನೇ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಂದು ನೋಡಿದರು. “ಇದಕ್ಕೆ ಸಿಟ್ಟು ಬರಲೇಬೇಕಲ್ವಾ” ಅಂದರು. ಹಾಡು ಇಷ್ಟವಾಗಲಿಲ್ಲ, ಅದು ಬೇರೆ ಮಾತು.

ಈ ಆಲ್ಬಮ್‌ನ ‘ಯು ಸಫರ್’ ಹಾಡಿನ ಉದ್ದ 1.316 ಸೆಕೆಂಡ್. ಜಗತ್ತಿನ ಅತಿ ಚಿಕ್ಕ ಹಾಡು ಅಂತ ಗಿನ್ನೆಸ್ ದಾಖಲೆಯಲ್ಲಿದೆ. ಜನ ಇದನ್ನು ಕೇಳಿ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಸಾಹಿತ್ಯ ಅಂತ ಇರುವುದು ನಾಲ್ಕೇ ಪದ, ನರಳುತ್ತಿದ್ದೀಯಲ್ಲ, ಆದರೆ ಯಾಕೆ ಅನ್ನುವ ಪ್ರಶ್ನೆ. ಉತ್ತರ ಹೇಳುವ ಮೊದಲೇ ಹಾಡು ಮುಗಿದಿರುತ್ತದೆ. ಬಿಬಿಸಿ ರೇಡಿಯೋದ ಜಾನ್ ಪೀಲ್ ಇಂಥ ಬ್ಯಾಂಡನ್ನು ಆಲ್ಬಮ್ ಬಂದ ವರ್ಷವೇ ಸ್ಟುಡಿಯೋಗೆ ಕರೆಸಿ ಹಾಡಿಸಿದರು. ಎಂಥ ದೊಡ್ಡ ಕಿವಿ ಆ ಮನುಷ್ಯನದು!

ಹೆಣದ ಚಿತ್ರ ಶುರು ಮಾಡಿದ್ದೂ ಇದೇ ಬಳಗ ಅಲ್ವಾ ಅಂತ ಯಾರಾದರೂ ಕೇಳಬಹುದು. ನಿಜ. ಆ ಕವರ್ ಬರೆದ ವಾಕರ್, ಎರಡನೇ ಸೈಡ್‌ನ ಸ್ಟಿಯರ್ ಇಬ್ಬರೂ ಕಾರ್ಕಸ್ ಬ್ಯಾಂಡಿನವರು. 1988ರಲ್ಲಿ ಬಂದ ಅವರ ಮೊದಲ ಆಲ್ಬಮ್‌ನ ಕವರ್ ಪೂರ್ತಿ ಶವಪರೀಕ್ಷೆಯ ಫೋಟೋಗಳನ್ನು ಕತ್ತರಿಸಿ ಜೋಡಿಸಿದ್ದು. ಆದರೆ ಅವರಿಬ್ಬರೂ ಮಾಂಸ ಬಿಟ್ಟವರು. ಮನುಷ್ಯನ ಮೈ ಕೂಡ ಮಾಂಸವೇ ಅಂತ ಆ ಕವರ್ ಮುಖಕ್ಕೆ ಹೇಳಿದ ಹಾಗೆ ನನಗೆ ಕಾಣುತ್ತದೆ. ಅಲ್ಲಿ ಯಾರನ್ನೂ ಆರಿಸಿ ಅವಮಾನ ಮಾಡಿಲ್ಲ. ಆಮೇಲೆ ಬಂದ ಎಷ್ಟೋ ಜನ ಫೋಟೋ ತೆಗೆದುಕೊಂಡರು, ಯೋಚನೆ ಬಿಟ್ಟರು. ಸಿಟ್ಟನ್ನು ಮೇಲಿನವರ ಕಡೆ ತಿರುಗಿಸುವುದು ಬಿಟ್ಟು ಕೈಲಾಗದವರ ಮೇಲೆ ತಿರುಗಿಸಿದರು. ನನಗೆ ಇದು ನೋವು ಕೊಡುತ್ತದೆ, ಯಾಕಂದ್ರೆ ಈ ಸಂಗೀತವನ್ನು ನಾನು ಅಷ್ಟು ಪ್ರೀತಿಸುತ್ತೇನೆ.

‘ಸ್ಕಮ್’ ಇನ್ನೂ ಕೇಳಿಲ್ಲದವರು ಹಾಡು ಎಣಿಸಲು ಹೋಗಬೇಡಿ. ಸುಮ್ನೆ ಡ್ರಮ್ ಹಿಡಿದುಕೊಂಡು ಹೋಗಿ. ಹೊಲಿಗೆ ಮೆಷಿನ್ ಜೋರಾಗಿ ತುಳಿದಾಗ ಸೂಜಿ ಓಡುತ್ತದಲ್ಲ, ಹಾಗೆ ಓಡುತ್ತದೆ ಆ ಹೊಡೆತ. ಅದಕ್ಕೆ ಬ್ಲಾಸ್ಟ್ ಬೀಟ್ ಅನ್ನುತ್ತಾರೆ. ಮೊದಲ ಸೈಡ್ ಮುಗಿದು ಎರಡನೆಯದು ಶುರುವಾಗುವ ಜಾಗದಲ್ಲಿ ಗಿಟಾರ್ ಬೇರೆ, ಕೂಗುವ ಗಂಟಲು ಬೇರೆ. ನಡುವೆ ಒಂಬತ್ತು ತಿಂಗಳು ಕಳೆದಿದೆ, ಜೊತೆಗಿದ್ದವರು ಹೋಗಿದ್ದಾರೆ. ಹ್ಯಾರಿಸ್ ಮಾತ್ರ ಅಲ್ಲೇ ಕೂತು ಹೊಡೆಯುತ್ತಿದ್ದಾರೆ.