ಮನವಿ ಕೊಟ್ಟವರೂ ತಾವೇ, ಪಡೆದವರೂ ತಾವೇ

ಬೆಂಗಳೂರಿನಲ್ಲಿ ರೈತರು ಅತ್ಯಂತ ದಟ್ಟವಾಗಿ ನೆಲೆಸಿರುವ ಪ್ರದೇಶ ಯಾವುದೆಂದು ಕೇಳಿದರೆ ಹೆಸರಘಟ್ಟದ ತೋಟಗಳನ್ನೋ ಆನೇಕಲ್ಲಿನ ರಾಗಿ ಹೊಲಗಳನ್ನೋ ತೋರಿಸುವವರು ಈ ನಗರವನ್ನು ಸರಿಯಾಗಿ ಅರಿತವರಲ್ಲ. ಸದಾಶಿವನಗರ, ಡಾಲರ್ಸ್ ಕಾಲೊನಿ ಮತ್ತು ಅಧಿವೇಶನದ ದಿನಗಳಲ್ಲಿ ಶಾಸಕರ ಭವನ ಎಂಬುದೇ ಸರಿಯಾದ ಉತ್ತರ. ಇಲ್ಲಿ ಉಳುವಷ್ಟು ನೆಲ ಎಲ್ಲಿಯೂ ಕಾಣದು, ಕಂಡರೂ ಅದರ ಮೇಲೆ ನಾಲ್ಕು ಕಾರುಗಳು ನಿಂತಿರುತ್ತವೆ. ಆದರೂ ಚುನಾವಣೆ ಬಂದಾಗ ನಾಮಪತ್ರದೊಂದಿಗೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರದಲ್ಲಿ ವೃತ್ತಿಯ ಅಂಕಣಕ್ಕೆ ಬಂದೊಡನೆ ಎಷ್ಟೋ ಮಂದಿಯ ಲೇಖನಿ ತಾನಾಗಿಯೇ 'ಕೃಷಿ ಮತ್ತು ಸಮಾಜಸೇವೆ' ಎಂದು ಬರೆದುಬಿಡುತ್ತದೆ. ಈ ಜೋಡಿಯನ್ನು ಕಂಡುಹಿಡಿದವರ ಬುದ್ಧಿಗೆ ತಲೆದೂಗಲೇಬೇಕು: 1961ರ ಆದಾಯ ತೆರಿಗೆ ಕಾಯ್ದೆಯ 10(1)ನೇ ಕಲಮಿನ ಪ್ರಕಾರ ಕೃಷಿ ಆದಾಯಕ್ಕೆ ತೆರಿಗೆಯಿರಲಿಲ್ಲ, ಸಮಾಜಸೇವೆಗೆ ಆದಾಯವೇ ಇಲ್ಲ.

ಆದರೆ ಬರೀ ಪ್ರಮಾಣಪತ್ರದಿಂದ ಯಾರೂ ರೈತನಾಯಕರಾಗುವುದಿಲ್ಲ, ಅದಕ್ಕೆ ಸದಸ್ಯತ್ವ ಬೇಕು. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಒಂದು ಷೇರು, ಹಾಲಿನ ಡೇರಿಯಲ್ಲಿ ಒಂದು ಸದಸ್ಯತ್ವ ಸಂಖ್ಯೆ, ಕಬ್ಬು ಬೆಳೆಗಾರರ ಸಂಘದಲ್ಲಿ ಗೌರವಾಧ್ಯಕ್ಷತೆ, ತೆಂಗು ಬೆಳೆಗಾರರ ಸಂಘದಲ್ಲಿ ಮಹಾಪೋಷಕತ್ವ, ಇವುಗಳ ಮೇಲೆ ಯಾವುದಾದರೂ ಒಂದು ರೈತ ಸಂಘದ ಯಾವುದಾದರೂ ಒಂದು ಬಣದ ಹಸಿರು ಶಾಲು. ಹಳ್ಳಿಯಿಂದ ಬಂದ ರಾಜಕಾರಣಿ ರೈತರ ಸಂಘಟನೆಯಲ್ಲಿ ಇರುವುದೇ ತಪ್ಪೆಂದು ನಾನು ವಾದಿಸುತ್ತಿಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದಾಗ ಊರಿನ ಮುಂದಾಳು ಎನ್ನಿಸಿಕೊಂಡವನು ರೈತರ ಜೊತೆ ಕೂರುವುದಕ್ಕೆ ಒಂದು ಅರ್ಥವಿತ್ತು. ಕೆ.ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದಲೂ 2013ರಲ್ಲಿ ಮೇಲುಕೋಟೆಯಿಂದಲೂ ಗೆದ್ದು ಬಂದಾಗ ರೈತ ಸಂಘದಿಂದ ವಿಧಾನಸೌಧಕ್ಕೆ ಒಂದು ದಾರಿಯಿದೆ ಎಂದು ನಾಡು ನಂಬಿತು. ದಾರಿ ಇರುವುದು ನಿಜ. ಈಗ ಅದರಲ್ಲಿ ಸಂಚಾರವೆಲ್ಲ ಎದುರು ದಿಕ್ಕಿನಿಂದ ಬರುತ್ತಿದೆ. ಮೊದಲು ವಿಧಾನಸೌಧ, ಆಮೇಲೆ ಸಂಘ.

ಹಾಲಿನ ಡೇರಿಯಿಂದಲೇ ನೋಡೋಣ. ವರ್ಷದಲ್ಲಿ ನಿಗದಿತ ದಿನಗಳಷ್ಟು ಹಾಲು ಹಾಕಿದ ಸದಸ್ಯರಿಗಷ್ಟೇ ಮತದಾನದ ಹಕ್ಕು ಎಂಬ ಕ್ರೂರ ನಿಯಮವೊಂದು ಅಲ್ಲಿದೆ. ನಮ್ಮ ಮಾನ್ಯರು (ಇವರು ಯಾರೋ ಒಬ್ಬರಲ್ಲ, ಆದ್ದರಿಂದ ಯಾರೂ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾಗಿಲ್ಲ) ಬೆಂಗಳೂರಿನಲ್ಲಿ ಪೊಟ್ಟಣದ ಹಾಲಿನ ಕಾಫಿ ಕುಡಿಯುತ್ತಿರುವ ಹೊತ್ತಿಗೆ, ನೂರು ಕಿಲೋಮೀಟರ್ ಆಚೆ ಅವರ ಹೆಸರಿನ ಹಸು ತಪ್ಪದೆ ಹಾಲು ಕರೆಸಿಕೊಳ್ಳುತ್ತಿರುತ್ತದೆ. ಆ ಹಸುವನ್ನು ಕಂಡವರಿಲ್ಲ, ಕಂಡಿರುವುದು ಅದರ ಪಾಸ್‌ಬುಕ್ಕನ್ನು ಮಾತ್ರ. ಡೇರಿ ಕಾರ್ಯದರ್ಶಿಗೂ ಮಾನ್ಯರ ಆಪ್ತ ಸಹಾಯಕನಿಗೂ ನಡೆಯುವ ಸಂಭಾಷಣೆ ಸುಮಾರಾಗಿ ಹೀಗಿರುತ್ತದೆ:

"ಅಣ್ಣಾವ್ರ ಹಸು ಇವತ್ತು ಎಷ್ಟು ಲೀಟರ್ ಕೊಡ್ತು ಅಂತ ಬರ್ಕೊಳ್ಳಲಿ?"

"ಎಲೆಕ್ಷನ್ ಯಾವಾಗ?"

"ಮುಂದಿನ ತಿಂಗಳು."

"ಹಾಗಾದ್ರೆ ಬೆಳಗ್ಗೆ ಹತ್ತು, ಸಾಯಂಕಾಲ ಹತ್ತು ಬರ್ಕೊಳ್ಳಿ. ಫ್ಯಾಟು ನಿಮಗೆ ಬಿಟ್ಟಿದ್ದು."

ಅದೇ ಡೇರಿಯ ಕಿಟಕಿಯ ಮುಂದೆ ಸರದಿಯಲ್ಲಿ ನಿಂತ ಅಜ್ಜಿಯ ಎರಡು ಲೀಟರ್ ಹಾಲನ್ನು ಯಂತ್ರ ಅಳೆದು, ಫ್ಯಾಟು ಕಮ್ಮಿ ಬಂತೆಂದು ಹಣ ಮುರಿಯುತ್ತದೆ. ಕಾಣದ ಹಸುವಿನ ಹಾಲಿಗೆ ಯಂತ್ರ ಎಂದೂ ತಕರಾರು ತೆಗೆದದ್ದಿಲ್ಲ. ಹೀಗೆ ಸಂಪಾದಿಸಿದ ಹಕ್ಕಿನಿಂದ ಮಾನ್ಯರು ಡೆಲಿಗೇಟ್ ಆಗುತ್ತಾರೆ, ಡೆಲಿಗೇಟ್‌ನಿಂದ ನಿರ್ದೇಶಕ, ನಿರ್ದೇಶಕನಿಂದ ಅಧ್ಯಕ್ಷ. ಪತ್ತಿನ ಸಂಘದ ಕಡೆಯಿಂದ ಹೊರಟರೆ ಇದೇ ಏಣಿ ಜಿಲ್ಲೆಯ ಡಿಸಿಸಿ ಸಹಕಾರ ಬ್ಯಾಂಕಿನ ಮೂಲಕ ಚಾಮರಾಜಪೇಟೆಯಲ್ಲಿರುವ ರಾಜ್ಯಮಟ್ಟದ ಅಪೆಕ್ಸ್ ಬ್ಯಾಂಕಿನವರೆಗೆ ಹೋಗುತ್ತದೆ. ಮತದಾನಕ್ಕೆ ಮುಂಚೆ ಡೆಲಿಗೇಟ್‌ಗಳನ್ನು ಬಸ್ಸಿನಲ್ಲಿ ತುಂಬಿಕೊಂಡು ರೆಸಾರ್ಟಿಗೆ ಕರೆದೊಯ್ಯುವ ಪದ್ಧತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಲವು ರೈತರ ಜೀವಮಾನದ ಏಕೈಕ ರಜೆ ಅದು, ಅದನ್ನೂ ಕಿತ್ತುಕೊಳ್ಳುವ ಪಾಪ ನನಗೆ ಬೇಡ.

ನಿಜವಾದ ರಸವಿರುವುದು ಕಬ್ಬಿನಲ್ಲಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಸರಬರಾಜಾದ 14 ದಿನಗಳೊಳಗೆ ಕಾರ್ಖಾನೆ ಹಣ ಪಾವತಿಸಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಿ ಕೊಡಬೇಕು. ನಮ್ಮ ರಾಜ್ಯದಲ್ಲಿ ಸಕ್ಕರೆ ಕಾರ್ಖಾನೆ ನಡೆಸುವ ರಾಜಕಾರಣಿಗಳು ಎಲ್ಲ ಪಕ್ಷಗಳಲ್ಲಿಯೂ ಇದ್ದಾರೆಂಬುದು ಹೊಸ ಸುದ್ದಿಯೇನಲ್ಲ. ಇಂಥ ಮಾನ್ಯರೊಬ್ಬರು ಕಬ್ಬು ಬೆಳೆಗಾರರ ಸಂಘದ ಗೌರವಾಧ್ಯಕ್ಷರೂ ಆಗಿ, ಸರ್ಕಾರದಲ್ಲಿ ಮಂತ್ರಿಯೂ ಆದರೆ ಉಂಟಾಗುವ ಆಡಳಿತಾತ್ಮಕ ಸೌಕರ್ಯವನ್ನು ಊಹಿಸಿ. ಬಾಕಿ ಹಣ ಕೊಡಿಸಬೇಕೆಂದು ಗೌರವಾಧ್ಯಕ್ಷರು ಮಂತ್ರಿಗಳಿಗೆ ಮನವಿ ಸಲ್ಲಿಸುತ್ತಾರೆ; ಮಂತ್ರಿಗಳು ಅದನ್ನು ಸಹಾನುಭೂತಿಯಿಂದ ಪರಿಶೀಲಿಸಿ ಕಾರ್ಖಾನೆಯ ಮಾಲೀಕರಿಗೆ ಕಟ್ಟುನಿಟ್ಟಿನ ಸೂಚನೆ ನೀಡುತ್ತಾರೆ; ಮಾಲೀಕರು ಸಕ್ಕರೆ ಉದ್ಯಮದ ಸಂಕಷ್ಟವನ್ನು ವಿವರಿಸಿ ಕಾಲಾವಕಾಶ ಕೋರುತ್ತಾರೆ; ಗೌರವಾಧ್ಯಕ್ಷರು ಉಗ್ರ ಹೋರಾಟದ ಎಚ್ಚರಿಕೆ ಕೊಡುತ್ತಾರೆ. ಇಷ್ಟೂ ವ್ಯವಹಾರ ಒಂದೇ ಕಾರಿನ ಹಿಂದಿನ ಸೀಟಿನಲ್ಲಿ, ಮೇಖ್ರಿ ವೃತ್ತದ ಸಿಗ್ನಲ್ ಬಿಡುವುದರೊಳಗೆ ಮುಗಿದುಹೋಗುತ್ತದೆ. ಕಬ್ಬು ಬೆಳೆದವನು ಮಾತ್ರ ಇನ್ನೂ 14 ದಿನ ಎಣಿಸುತ್ತಿರುತ್ತಾನೆ. ಅವನ ಎಣಿಕೆಯಲ್ಲಿ ಹದಿಮೂರರ ನಂತರ ಮತ್ತೆ ಒಂದು ಬರುತ್ತದೆ.

ರೈತ ಸಂಘದ ಹಸಿರು ಶಾಲಿಗೆ ಒಂದು ಇತಿಹಾಸವಿದೆ ಎಂಬುದನ್ನು ಅದನ್ನು ಹೊದೆಯುವವರು ಮರೆತಿರುವುದು ಸಹಜವೇ. 1980ರ ಜುಲೈನಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ ನರಗುಂದ, ನವಲಗುಂದಗಳಲ್ಲಿ ರೈತರು ಎದ್ದರು, ಗುಂಡೂರಾಯರ ಸರ್ಕಾರದ ಪೊಲೀಸರು ಗುಂಡು ಹಾರಿಸಿದರು, ಆ ಸಿಟ್ಟಿನಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಎಂ.ಡಿ. ನಂಜುಂಡಸ್ವಾಮಿಯವರ ಕಾಲದಲ್ಲಿ, ಅನುಮತಿಯಿಲ್ಲದೆ ಅಧಿಕಾರಿಗಳು ಗ್ರಾಮದೊಳಕ್ಕೆ ಬರಕೂಡದು ಎಂಬ ಫಲಕಗಳು ಊರ ಬಾಗಿಲಲ್ಲಿ ನಿಂತಿದ್ದವು. ಅಧಿಕಾರವನ್ನು ಊರ ಹೊರಗೆ ನಿಲ್ಲಿಸಿ ಮಾತಾಡಿಸುವುದು ಆ ಸಂಘಟನೆಯ ಮೂಲ ಉಪಾಯವಾಗಿತ್ತು. ಅಧಿಕಾರವೇನೂ ದಡ್ಡನಲ್ಲ, ಸದಸ್ಯತ್ವದ ಶುಲ್ಕ ಕಟ್ಟಿ, ರಸೀದಿ ಪಡೆದು, ಒಳಗೇ ಬಂದು ಕುಳಿತಿತು. 2008ರ ಮೇ 30ರಂದು ಬಿ.ಎಸ್. ಯಡಿಯೂರಪ್ಪನವರು ದೇವರ ಜೊತೆಗೆ ರೈತರ ಹೆಸರಿನಲ್ಲಿಯೂ ಪ್ರಮಾಣವಚನ ಸ್ವೀಕರಿಸಿದರು. ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಲು ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಯಿತು. ಪ್ರಮಾಣವಚನಕ್ಕೆ ಹೆಸರು ಕೊಟ್ಟ ಇನ್ನೊಬ್ಬರು, ಅಂದರೆ ದೇವರು, ಯಾವುದೇ ಅಪಾಯವಿಲ್ಲದೆ ಪಾರಾದರು.

ಶಾಲಿನ ವಿಷಯದಲ್ಲಿ ಸರ್ಕಾರಗಳು ಕೈಕಟ್ಟಿ ಕುಳಿತಿವೆ ಎಂದು ಹೇಳುವಂತಿಲ್ಲ. 2021ರ ಆಗಸ್ಟ್‌ನಲ್ಲಿ ಬಸವರಾಜ ಬೊಮ್ಮಾಯಿಯವರು ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲುಗಳು ಬೇಡ, ಕನ್ನಡ ಪುಸ್ತಕ ಕೊಡಿ ಎಂದರು. 2023ರಲ್ಲಿ ಸಿದ್ದರಾಮಯ್ಯನವರೂ ಶಾಲು ಬೇಡ, ಪುಸ್ತಕ ಕೊಡಿ ಎಂದರು. ಹಸಿರು ಶಾಲು ಮಾತ್ರ ಇದರಿಂದ ತಪ್ಪಿಸಿಕೊಂಡಿತು, ಏಕೆಂದರೆ ಅದನ್ನು ಯಾರೂ ಹೊದಿಸಬೇಕಾಗಿಲ್ಲ, ಮಾನ್ಯರ ಕಾರಿನಲ್ಲಿಯೇ ಇರುತ್ತದೆ. ಫ್ರೀಡಂ ಪಾರ್ಕಿನ ಬಳಿ ಮಾನ್ಯರು ಇಳಿಯುವುದನ್ನು ಹತ್ತಿರದಿಂದ ನೋಡುವ ಭಾಗ್ಯ ನನಗೊಮ್ಮೆ ದೊರೆತಿತ್ತು. ನಗರದ ಪ್ರತಿಭಟನೆಗಳೆಲ್ಲ ಹಳೆಯ ಸೆರೆಮನೆಯ ಆ ಆವರಣದಲ್ಲಿಯೇ ನಡೆಯಬೇಕೆಂದು 2021ರ ಕೊನೆಗೆ ಸರ್ಕಾರ ಆದೇಶಿಸಿದ ಮೇಲೆ ರೈತರ ಕೋಪಕ್ಕೂ ಒಂದು ಖಾಯಂ ವಿಳಾಸ ಸಿಕ್ಕಿದೆ. ಆಪ್ತ ಸಹಾಯಕ ಡ್ಯಾಶ್‌ಬೋರ್ಡಿನಿಂದ ಶಾಲು ತೆಗೆದು ಕೊಡವಿದ. ಅಂಚಿನಲ್ಲಿ ಅಂಗಡಿಯ ಬೆಲೆಚೀಟಿ ಇನ್ನೂ ಅಂಟಿಕೊಂಡಿತ್ತು. ಅವನು ಅದನ್ನು ಉಗುರಿನಿಂದ ಕೆರೆದು ತೆಗೆಯಲು ನೋಡಿದ, ಅರ್ಧ ಮಾತ್ರ ಬಂತು, ಉಳಿದರ್ಧವನ್ನು ಒಳಮಡಿಕೆಗೆ ಸೇರಿಸಿ ಹೆಗಲಿಗೆ ಹಾಕಿದ. ವೇದಿಕೆಯ ಮೇಲೆ ಮಾನ್ಯರು ಸರ್ಕಾರ ರೈತರ ಕಣ್ಣಿಗೆ ಮಣ್ಣೆರಚುತ್ತಿದೆ ಎಂದು ಅಬ್ಬರಿಸಿದರು. ಆ ಸರ್ಕಾರದಲ್ಲಿ ಅವರೇ ಇದ್ದರಲ್ಲ ಎಂದು ಹಿಂದಿನ ಸಾಲಿನ ಹಿರಿಯರೊಬ್ಬರು ಕೇಳಿದ್ದಕ್ಕೆ ಪಕ್ಕದವರು, "ಅದು ವಿಧಾನಸೌಧದಾಗೆ ಕಣಣ್ಣೋ, ಇಲ್ಲಿ ಅವ್ರು ನಮ್ಮೋರು" ಎಂದು ಸಮಾಧಾನ ಹೇಳಿದರು.

ರೈತರೆಂಬ ಪಟ್ಟ ಈ ಮೊದಲು ಇಷ್ಟು ಸಲೀಸಾಗಿ ಕೈಗೆ ಸಿಗುತ್ತಿರಲಿಲ್ಲ. ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳ ಕೊನೆಯ ವರ್ಷಗಳಲ್ಲಿಯೂ ಕೃಷಿಯೇತರ ಆದಾಯ ವರ್ಷಕ್ಕೆ 25 ಲಕ್ಷ ರೂಪಾಯಿ ಮೀರಿದವರು ಹೊಲ ಕೊಳ್ಳುವಂತಿರಲಿಲ್ಲ. ಹೊಲ ಬೇಕೆಂದವರು ತಾತನ ಪಹಣಿಯನ್ನು ಹುಡುಕಿಕೊಂಡು ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದರು. 2020ರ ತಿದ್ದುಪಡಿ ಆ ಕಲಮುಗಳನ್ನು ತೆಗೆದುಹಾಕಿ ತಾತಂದಿರಿಗೆ ವಿಶ್ರಾಂತಿ ಕೊಟ್ಟಿತು. ಈ ನಡುವೆ ಒಂದೇ ಒಂದು ಸರ್ಕಾರಿ ಕಾಗದ ನಮ್ಮ ಮಾನ್ಯರ ಮರ್ಯಾದೆ ಕಾಯಲು ನಿರಾಕರಿಸಿದೆ: ವರ್ಷಕ್ಕೆ 6,000 ರೂಪಾಯಿ ಕೊಡುವ ಪಿಎಂ ಕಿಸಾನ್ ಯೋಜನೆ. ಹಾಲಿ ಮತ್ತು ಮಾಜಿ ಮಂತ್ರಿಗಳು, ಸಂಸದರು, ಶಾಸಕರು, ಮೇಯರುಗಳು, ಜಿಲ್ಲಾ ಪಂಚಾಯಿತಿ ಅಧ್ಯಕ್ಷರು, ಎಷ್ಟೇ ಹೊಲವಿದ್ದರೂ, ಅದಕ್ಕೆ ಅರ್ಹರಲ್ಲ. ಮಾನ್ಯರನ್ನು ರೈತರ ಸಾಲಿನಿಂದ ಹೊರಗಿಟ್ಟ ಈ ಘೋರ ಅನ್ಯಾಯದ ವಿರುದ್ಧ ಅವರ ಯಾವ ಸಂಘವೂ ಈವರೆಗೆ ಧರಣಿ ಕೂರದಿರುವುದು ಆಶ್ಚರ್ಯ. ಮೊತ್ತ ಚಿಕ್ಕದಾದ್ದರಿಂದ ಇರಬಹುದು.

ಈ ರೋಗ ನಮ್ಮದು ಮಾತ್ರವೆಂದು ಕೊರಗಬೇಕಾಗಿಲ್ಲ. ಅಮೆರಿಕದಲ್ಲಿ 1867ರಲ್ಲಿ ಆಲಿವರ್ ಹಡ್ಸನ್ ಕೆಲ್ಲಿ ಮತ್ತು ಗೆಳೆಯರು ಗ್ರೇಂಜ್ ಎಂಬ ರೈತಸಹೋದರರ ಸಂಘವನ್ನು ಕಟ್ಟಿದರು. ರೈತರಿಗಾಗಿ ಕಟ್ಟಿದ ಆ ಸಂಘದ ಸ್ಥಾಪಕರಲ್ಲಿ ಹೆಚ್ಚಿನವರು ವಾಷಿಂಗ್ಟನ್ನಿನ ಸರ್ಕಾರಿ ನೌಕರರೆಂಬುದು ನಮಗೆ ಪರಿಚಿತ ವಾಸನೆಯೇ. ಪಕ್ಷ ರಾಜಕಾರಣ ಒಳಗೆ ಬರಬಾರದೆಂದು ಅವರು ನಿಯಮ ಮಾಡಿದರು. ರೈಲು ಕಂಪನಿಗಳ ಸಾಗಣೆ ದರಕ್ಕೂ ದಾಸ್ತಾನುದಾರರ ಶುಲ್ಕಕ್ಕೂ ಮೂಗುದಾರ ಹಾಕುವ ಕಾನೂನುಗಳು ಆ ಚಳವಳಿಯ ಬಲದಿಂದ ಬಂದವು, 1877ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವುಗಳನ್ನು ಎತ್ತಿಹಿಡಿಯಿತು. ಸಂಘಕ್ಕೆ ಬಲ ಬಂದಿತೆಂದರೆ ಬಾಗಿಲಲ್ಲಿ ಯಾರ ಚಪ್ಪಲಿಗಳು ಕಾಣುತ್ತವೆಂದು ಹೇಳಬೇಕೆ? ದೊಡ್ಡ ನಗರಗಳ ವ್ಯಾಪಾರಿಗಳೂ ದಲ್ಲಾಳಿಗಳೂ ಕೂಡ ತಮ್ಮದೇ ಗ್ರೇಂಜ್ ಶಾಖೆಗಳನ್ನು ಮಾಡಿಕೊಂಡರು. ಮುಂದೆ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರಂಥವರೂ ಸದಸ್ಯರಾಗಿದ್ದರು.

ಗ್ರೇಂಜಿನಿಂದ ನಾವು ಆಮದು ಮಾಡಿಕೊಳ್ಳಬಹುದಾದ ವಸ್ತುವೊಂದಿದೆ. ಅಲ್ಲಿ ಸದಸ್ಯತ್ವಕ್ಕೆ ಏಳು ಹಂತಗಳಿವೆ. ಪ್ರತಿ ಹಂತಕ್ಕೂ ದೀಕ್ಷಾವಿಧಿಯಿದೆ, ಮೊದಲ ನಾಲ್ಕು ಹಂತಗಳು ನಾಲ್ಕು ಋತುಗಳ ಕೆಲಸಕ್ಕೆ ಹೊಂದಿಕೊಂಡಿವೆ. ನಮ್ಮ ಮಾನ್ಯರಿಗೂ ಏಳು ಹಂತಗಳಿರಲಿ ಎಂಬುದು ನನ್ನ ವಿನಮ್ರ ಸಲಹೆ. ಮೊದಲನೆಯದರಲ್ಲಿ ರಾಗಿ ಪೈರಿನ ನಡುವೆ ಕಳೆ ಯಾವುದೆಂದು ತೋರಿಸಬೇಕು. ಕಿತ್ತದ್ದು ರಾಗಿಯಾದರೆ ಒಂದು ವರ್ಷ ಮರುಪರೀಕ್ಷೆಯಿಲ್ಲ. ಎರಡನೆಯದು ಗೊಬ್ಬರದ ಸರದಿ. ಮುಂಗಾರು ಬಿದ್ದ ವಾರದಲ್ಲಿ, ಆಪ್ತ ಸಹಾಯಕನಿಲ್ಲದೆ, ಆಧಾರ್ ಚೀಟಿ ಹಿಡಿದು, 45 ಕಿಲೋ ಯೂರಿಯಾದ ಒಂದು ಚೀಲಕ್ಕೆ ಬೆಳಗಿನಿಂದ ನಿಲ್ಲಬೇಕು, ಯೂರಿಯಾ ಬೇಕಾದರೆ ಜೊತೆಗೆ ಈ ಇನ್ನೊಂದು ಡಬ್ಬವನ್ನೂ ಕೊಳ್ಳಲೇಬೇಕೆಂದು ಅಂಗಡಿಯವನು ಹೇಳುವುದನ್ನು ಮರುಮಾತಿಲ್ಲದೆ ಕೇಳಬೇಕು. ಅಲ್ಲಿ ಹೆಬ್ಬೆರಳಿನ ಗುರುತು ಪಡೆಯುವ ಯಂತ್ರವೊಂದಿದೆ. ದುಡಿದು ರೇಖೆ ಸವೆದ ಬೆರಳನ್ನು ಅದು ಮತ್ತೆ ಮತ್ತೆ ತಿರಸ್ಕರಿಸುತ್ತದೆ. ಮಾನ್ಯರ ಬೆರಳನ್ನು ಮೊದಲ ಸಲಕ್ಕೇ ಒಪ್ಪಿಕೊಂಡರೆ ಅವರು ಈ ಹಂತದಲ್ಲಿ ಅನುತ್ತೀರ್ಣರೆಂದು ತಿಳಿಯತಕ್ಕದ್ದು. ಮೂರರಿಂದ ಆರರವರೆಗಿನ ಹಂತಗಳು ತಾಲ್ಲೂಕು ಕಚೇರಿಯಲ್ಲಿ ನಡೆಯುತ್ತವೆ: ಪೋಡಿ, ಪಹಣಿ ತಿದ್ದುಪಡಿ, ಪೌತಿ ಖಾತೆ, ಬೆಳೆ ಪರಿಹಾರ. ಇವುಗಳಿಗೆ ಕಾಲಮಿತಿ ಇಡಬಾರದು, ರೈತರಿಗೂ ಯಾರೂ ಇಟ್ಟಿಲ್ಲ. ಏಳನೆಯದು ಸುಲಭ. ಕಾರ್ಖಾನೆಗೆ ಕಬ್ಬು ಹಾಕಿ, 14 ದಿನಗಳೊಳಗೆ ಹಣ ಪಡೆದು ತೋರಿಸಬೇಕು. ಕಾರ್ಖಾನೆ ತಮ್ಮದೇ ಆದರೂ ಅಡ್ಡಿಯಿಲ್ಲ.

ಈ ಸಲಹೆಯನ್ನು ಪರಿಚಯದ ಆಪ್ತ ಸಹಾಯಕರೊಬ್ಬರ ಮೂಲಕ ಮಾನ್ಯರ ಗಮನಕ್ಕೆ ತಂದೆ. ಅವರು ತುಂಬ ಸಂತೋಷಪಟ್ಟರಂತೆ. ಏಳನೆಯ ಹಂತಕ್ಕೆ ನೇರವಾಗಿ ನಾಮನಿರ್ದೇಶನ ಮಾಡುವ ಅವಕಾಶವಿದೆಯೇ, ಇದ್ದರೆ ದೀಕ್ಷೆಯ ದಿನ ಹೊದೆಯಬೇಕಾದ ಶಾಲು ಹಸಿರೋ ಬೇರೆಯೋ ಎಂದು ಕೇಳಿ ಕಳುಹಿಸಿದ್ದಾರೆ.