ಗಾಡಿ ಕೆಳಗೆ, ಪ್ಲಗ್ ಮೇಲೆ

ನಮ್ಮ ಹಳೇ ಪೆಟ್ರೋಲ್ ಸ್ಕೂಟರಿಗೆ ಬೆಳಗಿನ ಹೊತ್ತು ಯಾರಾದರೂ ಎಬ್ಬಿಸಿದರೆ ಆಗುತ್ತಿರಲಿಲ್ಲ. ಅದರ ಸೆಲ್ಫ್ ಸ್ಟಾರ್ಟ್ ಬಟನ್ನು ಕೆಲಸ ನಿಲ್ಲಿಸಿ ಎಷ್ಟು ವರ್ಷವಾಯಿತೋ. ಕಿಕ್ಕರ್ ಒದ್ದೂ ಒದ್ದೂ ನನ್ನ ಬಲಗಾಲು ಎಡಗಾಲಿಗಿಂತ ಒಂದು ಸುತ್ತು ದಪ್ಪಗಾಗಿದೆ ಅಂತ ನನಗೇ ಅನುಮಾನ. ಹೀಗೆ 14 ಸಲ ಒದ್ದು, ಮುಂದಿನ ಎರಡು ತಿರುವು ದಾಟಿ, ಔಷಧಿ ಅಂಗಡಿ ಮುಂದೆ ಆಫ್ ಮಾಡುವುದು. ಹೋಗಿಬರುವ ದಾರಿಗಿಂತ ಒದೆಯುವ ಹೊತ್ತೇ ಜಾಸ್ತಿ. ಇಂಜಿನ್ನು ತಣ್ಣಗಿರುವಾಗಲೇ ಪೆಟ್ರೋಲು ಹೆಚ್ಚು ಕುಡಿಯುವುದಂತೆ. ನಮ್ಮದು ಬಿಸಿಯಾಗುವಷ್ಟು ದೂರ ಹೋದದ್ದೇ ಇಲ್ಲ.

ಒಂದು ದಿನ ಒದೆಯುವಾಗ ಚಪ್ಪಲಿ ಹಾರಿ ಪಕ್ಕದ ಮನೆ ಕಾಂಪೌಂಡಿನೊಳಗೆ ಬಿತ್ತು. ಅವತ್ತೇ ಘೋಷಿಸಿಬಿಟ್ಟೆ: "ರೀ, ಎಲೆಕ್ಟ್ರಿಕ್ ತಗೊಳ್ಳೋಣ."

ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಎಲ್ಲಿಗೆ ಹೋಗೋಕೆ?" ಅಂದರು.

ಇದೆಂಥ ಪ್ರಶ್ನೆ ಅನ್ನಿಸಿ ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಮುಂದಿನ ಎರಡು ತಿಂಗಳು ಉಳಿಯುತ್ತಿತ್ತು.

ನಾನು ಲೆಕ್ಕಪತ್ರ ನೋಡುವ ಕೆಲಸದಲ್ಲಿ ಕೂದಲು ಹಣ್ಣು ಮಾಡಿಕೊಂಡವಳು. ಒಂದು ಸೂಜಿ ಕೊಳ್ಳಬೇಕಾದರೂ ಕಾಲಂ ಹಾಕಿ ಹೋಲಿಸದಿದ್ದರೆ ನಿದ್ದೆ ಬರುವುದಿಲ್ಲ. ಕಂಪ್ಯೂಟರ್ ತೆರೆದು ಎಕ್ಸೆಲ್ ಹಾಳೆ ಮಾಡಿದೆ. ಅಡ್ಡಕ್ಕೆ 21 ಕಾಲಂ, ಉದ್ದಕ್ಕೆ 9 ಸ್ಕೂಟರು. ಬ್ಯಾಟರಿ, ಮೋಟಾರ್, ಬ್ರೇಕ್, ಟೈರು, ಸೀಟಿನ ಎತ್ತರ, ಸೀಟಿನ ಕೆಳಗೆ ಹೆಲ್ಮೆಟ್ ಹಿಡಿಯುತ್ತದೋ ಇಲ್ಲವೋ, ಎಲ್ಲದಕ್ಕೂ ಒಂದೊಂದು ಕಾಲಂ. ಬಣ್ಣಕ್ಕೆ ಎರಡು, ಯಾಕೆಂದರೆ ನಮ್ಮಿಬ್ಬರ ಅಭಿಪ್ರಾಯ ಬೇರೆ ಬೇರೆ.

ಎಲ್ಲಕ್ಕಿಂತ ಮೊದಲ ಕಾಲಂ ರೇಂಜಿನದು. ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ಕಿಲೋಮೀಟರ್ ಓಡುತ್ತದೆ ಅನ್ನುವುದು. ಇದನ್ನು ತುಂಬಿಸಲು ಹೋಗಿ ನಾನು ಸುಸ್ತಾದೆ. ತಯಾರಿಸಿದವರು ಒಂದು ಹೇಳುತ್ತಾರೆ, ಮಾರುವವರು ಒಂದು, ಓಡಿಸುವವರು ಇನ್ನೊಂದು. ಒಂದೇ ಮಗುವಿಗೆ ಮೂರು ಹುಟ್ಟಿದ ದಿನ. ಆಮೇಲೆ ಗೊತ್ತಾಯಿತು, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುವ ರೇಂಜನ್ನು ಅಳೆಯುವುದು ಪ್ರಯೋಗಾಲಯದಲ್ಲಿ, ಉರುಳೆಗಳ ಮೇಲೆ ಚಕ್ರ ತಿರುಗಿಸಿ. ಅಲ್ಲಿ ಗುಂಡಿಯಿಲ್ಲ, ಏರಿಲ್ಲ, ಎದುರುಗಾಳಿಯಿಲ್ಲ, ಹಿಂದೆ ಕೂತು "ನಿಧಾನ, ನಿಧಾನ" ಅನ್ನುವ ಗಂಡನೂ ಇಲ್ಲ.

ಸರಿ, ನಾನೇ ಲೆಕ್ಕ ಹಾಕುತ್ತೇನೆ ಅಂತ ಕೂತೆ. ಲೆಕ್ಕ ಸುಲಭವೇ. ಬ್ಯಾಟರಿಯ ಮೇಲೆ ಕಿಲೋವ್ಯಾಟ್ ಅವರ್ ಅಂತ ಬರೆದಿರುತ್ತದಲ್ಲ, ಅದು ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ಟೇ. ವೋಲ್ಟ್ ಮತ್ತು ಆಂಪಿಯರ್ ಅವರ್ ಬರೆದಿದ್ದರೆ ಎರಡನ್ನೂ ಗುಣಿಸಿ 1000ದಿಂದ ಭಾಗಿಸಬೇಕು. 48 ವೋಲ್ಟ್, 30 ಆಂಪಿಯರ್ ಅವರ್ ಅಂದರೆ ಹತ್ತಿರ ಹತ್ತಿರ ಒಂದೂವರೆ ಯೂನಿಟ್. ಸಣ್ಣ ಸ್ಕೂಟರು ಕಿಲೋಮೀಟರಿಗೆ 30 ವ್ಯಾಟ್ ಅವರ್ ತಿನ್ನುತ್ತದೆ ಅಂದುಕೊಂಡರೆ ಅದರಲ್ಲಿ 48 ಕಿಲೋಮೀಟರ್. ವೇಗ ಹೆಚ್ಚಿಸಿದರೆ, ಭಾರ ಹೇರಿದರೆ, ಚಳಿ ಹೆಚ್ಚಾದರೆ ಇದೂ ಕಡಿಮೆ.

ಭಾರ ಅಂದದ್ದಕ್ಕೆ ನೆನಪಾಯಿತು. ಒಟ್ಟು ಭಾರ ಎಷ್ಟು ಅಂತ ತಿಳಿಯಲು ನಾವಿಬ್ಬರೂ ತೂಕದ ಯಂತ್ರದ ಮೇಲೆ ಒಟ್ಟಿಗೆ ನಿಂತೆವು. ಬಂದ ಸಂಖ್ಯೆಯನ್ನು ಇಲ್ಲಿ ಬರೆಯುತ್ತಿದ್ದೆ, ಆದರೆ ಯಂತ್ರ "ಎರರ್" ಅಂತ ತೋರಿಸಿತು. ಮರ್ಯಾದಸ್ಥ ಯಂತ್ರ.

ಆ ದಿನಗಳಲ್ಲಿ ನನ್ನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಲಿಥಿಯಂ ಅಯಾನ್ ಬ್ಯಾಟರಿ ಮೊದಲ ಸಲ ಮಾರುಕಟ್ಟೆಗೆ ಬಂದದ್ದು 1991ರಲ್ಲಿ, ಅದರ ಹಿಂದಿನ ಕೆಲಸಕ್ಕಾಗಿ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಸಿಕ್ಕಿತು, ಅವರಲ್ಲಿ ಜಾನ್ ಗುಡ್‌ಇನಫ್ ಅವರಿಗೆ ಆಗ 97 ವರ್ಷ, ಹೀಗೆ. ಬಂದವರು ಕೂತ ಜಾಗದಲ್ಲೇ ಗಡಿಯಾರ ನೋಡತೊಡಗಿದರು. ಈ ಲಿಥಿಯಂ ಅಯಾನಿನಲ್ಲೂ ಜಾತಿಗಳಿವೆ. ಎಲ್ಎಫ್‌ಪಿ ಬ್ಯಾಟರಿ ಭಾರ, ಆದರೆ ಬಾಳಿಕೆ ಹೆಚ್ಚು. ಎನ್ಎಂಸಿ ಹಗುರ, ಆದರೆ ಶಾಖಕ್ಕೆ ಬೇಗ ಕೆರಳುತ್ತದೆ ಅಂತ ನಾನು ವಿವರಿಸಿದಾಗ ನಮ್ಮವರು, "ಒಂದು ನಿಮ್ಮಪ್ಪ, ಇನ್ನೊಂದು ನಿಮ್ಮಮ್ಮ" ಅಂತ ಅಲ್ಲಿಗೇ ಅಧ್ಯಾಯ ಮುಗಿಸಿದರು.

ಧೂಳು, ನೀರು ಎಷ್ಟು ತಡೆಯುತ್ತದೆ ಅಂತ ಹೇಳುವ ಐಪಿ 67 ಅನ್ನುವ ಗುರುತಿನ ವಿಷಯಕ್ಕೂ ಹೀಗೇ ಆಯಿತು. "ರೀ, ಈ ಬ್ಯಾಟರಿಗೆ ಧೂಳು ಒಂದು ಕಣವೂ ಹೋಗಲ್ಲ. ಒಂದು ಮೀಟರ್ ಆಳದ ನೀರಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೂ ಏನೂ ಆಗಲ್ಲ" ಅಂದೆ.

"ಬ್ಯಾಟರಿಗೆ ಆಗಲ್ಲ, ಸರಿ. ಆ ಅರ್ಧ ಗಂಟೆ ನೀನು ಎಲ್ಲಿರ್ತೀಯ?"

ಈ ಮನುಷ್ಯನ ಜೊತೆ ತಾಂತ್ರಿಕ ಚರ್ಚೆ ಸಾಧ್ಯವಿಲ್ಲ ಅಂತ ನಾನೊಬ್ಬಳೇ ಶೋರೂಮಿಗೆ ಹೋದೆ.

ಶೋರೂಮಿನಲ್ಲಿ ನಡೆದದ್ದಕ್ಕೆ ಸಾಕ್ಷಿಗಳಿದ್ದಾರೆ, ಹಾಗಾಗಿ ಮುಚ್ಚಿಡುವಂತಿಲ್ಲ. ಹುಡುಗ ಒಂದು ಸ್ಕೂಟರನ್ನು ಬಾಗಿಲ ಬಳಿ ನಿಲ್ಲಿಸಿ, ಬ್ರೇಕ್ ಹಿಡಿದು ಬಟನ್ ಒತ್ತಿ, "ಕೂತ್ಕೊಳ್ಳಿ ಮೇಡಂ" ಅಂದ. ಕೂತೆ. ಸದ್ದಿಲ್ಲ, ನಡುಕವಿಲ್ಲ. ಇಷ್ಟು ವರ್ಷ ಗಾಡಿ ಜೀವಂತವಾಗಿದೆ ಅಂತ ನನಗೆ ಹೇಳುತ್ತಿದ್ದದ್ದು ನನ್ನ ಅಲುಗಾಡುವ ಕನ್ನಡಕ. ಇಲ್ಲಿ ಕನ್ನಡಕ ಮೂಗಿನ ಮೇಲೆ ಋಷಿಯ ಹಾಗೆ ಕೂತಿತ್ತು. ಪರದೆಯ ಮೂಲೆಯಲ್ಲಿ ಪುಟ್ಟದಾಗಿ ಹಸಿರು ದೀಪವೊಂದು ಉರಿಯುತ್ತಿತ್ತಂತೆ. ನನಗೆ ಅದು ಅಲಂಕಾರ ಅನ್ನಿಸಿತು.

"ಆನ್ ಆಗಿಲ್ಲಪ್ಪ ಇದು, ನೋಡು" ಅಂತ ತೋರಿಸಲು ಆಕ್ಸಿಲರೇಟರ್ ಪೂರ್ತಿ ತಿರುಗಿಸಿದೆ.

ಪೆಟ್ರೋಲ್ ಇಂಜಿನ್ನು ಸ್ವಲ್ಪ ಗುರುಗುಟ್ಟಿ, ಯೋಚನೆ ಮಾಡಿ, ಆಮೇಲೆ ಹೊರಡುತ್ತದೆ. ವಿದ್ಯುತ್ ಮೋಟಾರಿಗೆ ಆ ಯೋಚನೆಯೇ ಇಲ್ಲ, ನಿಂತ ನಿಲುವಿನಲ್ಲೇ ಅದರ ಪೂರ್ತಿ ಎಳೆತ ಸಿಗುತ್ತದೆ. ಇದು ನನ್ನ 7ನೇ ಕಾಲಮ್ಮಿನಲ್ಲಿ "ಟಾರ್ಕ್" ಅನ್ನುವ ತಲೆಬರಹದಡಿ ಇತ್ತು. ಓದುವುದು ಬೇರೆ, ಒಯ್ಯಿಸಿಕೊಳ್ಳುವುದು ಬೇರೆ. ಬಾಗಿಲಲ್ಲಿ ನಗುತ್ತ ನಿಂತಿದ್ದ ರಟ್ಟಿನ ಸುಂದರಾಂಗನನ್ನು ಸೊಂಟಕ್ಕೆ ಮಡಚಿ, ಅವನ ಹಿಂದಿದ್ದ ಹೂಕುಂಡದ ಮುಂದೆ ನಿಂತೆ. ನಿಂತದ್ದು ನನ್ನಿಂದಲ್ಲ, ಹುಡುಗ ಹಿಂದಿನ ಹಿಡಿಕೆ ಹಿಡಿದು ನೇತಾಡಿದ್ದರಿಂದ.

"ಪಿಕಪ್ ಹೇಗಿದೆ ಮೇಡಂ?" ಅಂದ, ಏದುಸಿರು ಬಿಡುತ್ತ. ಎಂಥ ವೃತ್ತಿಧರ್ಮ!

ಮಾನ ಉಳಿಸಿಕೊಳ್ಳಲು ನಾನು ಹಿಂದಿನ ಚಕ್ರ ತೋರಿಸಿ, "ಹಬ್ ಮೋಟಾರಲ್ವಾ? ಚಕ್ರದೊಳಗೇ ಮೋಟಾರ್ ಇಡೋದು ಹೊಸದೇನಲ್ಲ, 1895ರಲ್ಲೇ ಆಗ್ಡನ್ ಬೋಲ್ಟನ್ ಅನ್ನೋರು ಸೈಕಲ್ಲಿಗೆ ಇಂಥದ್ದೇ ಮಾಡಿ ಪೇಟೆಂಟ್ ತಗೊಂಡಿದ್ರು" ಅಂದೆ. ಹುಡುಗ ರಟ್ಟಿನ ಮನುಷ್ಯನನ್ನು ನೆಟ್ಟಗೆ ಮಾಡುತ್ತ, "ಪಂಕ್ಚರ್ ಆದ್ರೆ ಅವರೇ ಬರ್ತಾರಾ ಮೇಡಂ?" ಅಂದ. ಹುಡುಗನ ಮಾತು ತಮಾಷೆಯಾದರೂ ವಿಷಯ ನಿಜ. ಚಕ್ರದೊಳಗೆ ಮೋಟಾರಿದ್ದರೆ ಚಕ್ರ ಭಾರ, ಬಿಚ್ಚುವಾಗ ಅದರ ವೈರುಗಳನ್ನೂ ಬಿಡಿಸಬೇಕು, ಎಲ್ಲ ಪಂಕ್ಚರ್ ಅಂಗಡಿಯವರೂ ಕೈ ಹಾಕುವುದಿಲ್ಲ. ಟ್ಯೂಬ್‌ಲೆಸ್ ಟೈರ್ ಆದರೆ ಚಕ್ರ ಬಿಚ್ಚದೆ ಹೊರಗಿನಿಂದಲೇ ಪಂಕ್ಚರ್ ಹಾಕಬಹುದು. 21 ಕಾಲಮ್ಮಿನಲ್ಲಿ ಉಪಯೋಗಕ್ಕೆ ಬಂದ ಕೆಲವೇ ಕಾಲಂಗಳಲ್ಲಿ ಇದೂ ಒಂದು.

ಅಂತೂ ಸೋಸಿ ಸೋಸಿ ಒಂದನ್ನು ಆರಿಸಿದೆ. ಮೂರೂವರೆ ಯೂನಿಟ್ಟಿನ ದೊಡ್ಡ ಬ್ಯಾಟರಿ, ನೂರು ಕಿಲೋಮೀಟರ್ ದಾಟುವ ರೇಂಜು. ಬ್ಯಾಟರಿ ಗಾಡಿಯೊಳಗೇ ಕೂತಿರುತ್ತದೆ, ಬಿಚ್ಚಲು ಬರುವುದಿಲ್ಲ. ಮರುದಿನ ಮುಂಗಡ ಕೊಡಬೇಕು. ರಾತ್ರಿ ಮಲಗುವ ಹೊತ್ತಿಗೆ ನಮ್ಮವರು ಕತ್ತಲಲ್ಲಿ ಕೇಳಿದರು:

"ಪ್ಲಗ್ ಎಲ್ಲಿ ಹಾಕ್ತೀಯ?"

"ಗೋಡೆಗೆ."

"ಯಾವ ಗೋಡೆಗೆ?"

ಎದ್ದು ಕೂತೆ. ನಮ್ಮ ಮನೆ ಎರಡನೇ ಮಹಡಿಯಲ್ಲಿ. ಗಾಡಿ ನಿಲ್ಲಿಸುವುದು ನೆಲದ ಮೇಲೆ, ಬಟಾಬಯಲಿನಲ್ಲಿ. ಅಲ್ಲಿ ಇರುವುದು ಒಂದು ನಲ್ಲಿ, ಒಂದು ಬೇವಿನ ಮರ. ಎರಡರಲ್ಲೂ ಕರೆಂಟ್ ಬರುವುದಿಲ್ಲ.

ಬೆಳಿಗ್ಗೆ ಬಾಲ್ಕನಿಯಿಂದ ಅಳತೆ ಟೇಪು ಕೆಳಗೆ ಬಿಟ್ಟೆ. ಏಳು ಮೀಟರಿನ ಹತ್ತಿರ ಅದು ಕೈಜಾರಿ ಕೆಳಗಿನ ಮನೆ ಅಜ್ಜನ ಪಕ್ಕಕ್ಕೆ ಬಿತ್ತು. ಅವರು ಮೇಲೆ ನೋಡಿ, "ಏನಮ್ಮಾ, ನನ್ನ ಅಳತೆ ತಗೋತಿದೀಯಾ?" ಅಂದರು. ವಯಸ್ಸಾದವರು, ಆ ಮಾತಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಬಾಲ್ಕನಿಯಿಂದ ಪ್ಲಗ್ಗಿಗೆ ಇನ್ನೂ ಐದು ಮೀಟರು. ಚಾರ್ಜರಿನ ವೈರು ಎರಡು ಮೀಟರು. ನಮ್ಮಲ್ಲಿ ಸುರುಳಿ ಸುತ್ತಿಟ್ಟ ಎಕ್ಸ್‌ಟೆನ್ಷನ್ ಬಾಕ್ಸ್ ಒಂದಿತ್ತು. ಅದನ್ನು ಜೋಡಿಸಿ ಇಳಿಬಿಡುತ್ತೇನೆ ಅಂದದ್ದಕ್ಕೆ ಎಲೆಕ್ಟ್ರಿಷಿಯನ್ ಕೈ ಮುಗಿದರು. "ಅಕ್ಕಾ, ಈ ಸಣ್ಣ ವೈರಲ್ಲಿ ಗಂಟೆಗಟ್ಟಲೆ ಚಾರ್ಜ್ ಹಾಕಿದ್ರೆ ಬಿಸಿಯಾಗುತ್ತೆ. ಸುರುಳಿಯಲ್ಲಿದ್ರೆ ಆ ಬಿಸಿ ಹೊರಗೆ ಹೋಗೋಕೂ ಜಾಗ ಇರಲ್ಲ, ಪ್ಲಾಸ್ಟಿಕ್ಕೇ ಕರಗುತ್ತೆ. ಮಳೆ ಬಂದ್ರೆ ಕೇಳಲೇಬೇಡಿ." ಕೆಳಗೆ ಬೇರೆಯದೇ ದಪ್ಪ ವೈರೆಳೆದು ಪಾಯಿಂಟ್ ಹಾಕಿಸಬಹುದಿತ್ತು, ಮನೆ ಮಾಲೀಕರು ಒಪ್ಪಿದ್ದರೆ. ಅವರು ನಮಗೆ ಎರಡನೇ ಮೊಳೆ ಹೊಡೆಯಲೇ ಇನ್ನೂ ಒಪ್ಪಿಗೆ ಕೊಟ್ಟಿಲ್ಲ.

ನೂರು ಕಿಲೋಮೀಟರ್ ರೇಂಜಿನ ಸ್ಕೂಟರು ಹೀಗೆ ಹತ್ತು ಮೀಟರ್ ವೈರಿಗೆ ಸೋತು ಹೋಯಿತು.

ಅಷ್ಟರಲ್ಲಿ ನಮ್ಮವರು ಒಂದು ಚೀಟಿ ತಂದಿಟ್ಟರು. ತಿಂಗಳ ಹಿಂದೆಯೇ, ನಾನು ಹಾಳೆ ಶುರು ಮಾಡಿದ ದಿನ, ಹಳೇ ಗಾಡಿಯ ಮೀಟರ್ ಬರೆದಿಟ್ಟುಕೊಂಡಿದ್ದರಂತೆ. ಒಂದು ತಿಂಗಳಲ್ಲಿ ಓಡಿದ್ದು 63 ಕಿಲೋಮೀಟರ್. "ಎಲ್ಲಿಗೆ ಹೋಗೋಕೆ ಅಂತ ಅವತ್ತೇ ಕೇಳಿದ್ದೆ" ಅಂದರು. ಹೇಳುವಾಗ ಮುಖದಲ್ಲಿ ಗೆದ್ದ ಭಾವ ಇರಲಿಲ್ಲ. ಇದ್ದಿದ್ದರೆ ಜಗಳವಾಡಿ ಸಮಾಧಾನ ಪಟ್ಟುಕೊಳ್ಳಬಹುದಿತ್ತು.

ಕೊನೆಗೆ ತಂದದ್ದು, ಹಾಳೆಯಲ್ಲಿ 9ನೇ ಸಾಲಿನಲ್ಲಿ ಬಡಪಾಯಿಯಂತೆ ಬಿದ್ದಿದ್ದ ಪುಟ್ಟ ಸ್ಕೂಟರು. ಒಂದೂವರೆ ಯೂನಿಟ್ಟಿನ ಬ್ಯಾಟರಿ, ಬಿಚ್ಚಿ ಮನೆಯೊಳಗೆ ತರಬಹುದು. ಸುಮಾರು 10 ಕಿಲೋ ತೂಕ, ಹಿಡಿಯಲು ಒಂದು ಕಿವಿ. ನಮ್ಮ ಮೆಟ್ಟಿಲು 34. ಮೊದಲ ವಾರ ಹೊಸ ಹುರುಪಿನಲ್ಲಿ ದಿನಾ ಸಂಜೆ ಹೊತ್ತು ತಂದೆ. 17ನೇ ಮೆಟ್ಟಿಲಲ್ಲಿ ನಿಂತು ಉಸಿರು ತೆಗೆದುಕೊಳ್ಳುವಾಗ, 97ನೇ ವಯಸ್ಸಿನಲ್ಲಿ ನೊಬೆಲ್ ತೆಗೆದುಕೊಂಡ ಆ ಹಿರಿಯರು ಇದನ್ನು ಯಾವತ್ತಾದರೂ ಮಹಡಿ ಹತ್ತಿಸಿದ್ದರೋ ಇಲ್ಲವೋ ಅಂತ ಯೋಚನೆ ಬರುತ್ತಿತ್ತು. ಒಂದು ಸಂಜೆಯಂತೂ ಅಷ್ಟೂ ಮೆಟ್ಟಿಲು ಹತ್ತಿ ಬಂದ ಮೇಲೆ ಚಾರ್ಜರ್ ಗಾಡಿಯ ಡಿಕ್ಕಿಯಲ್ಲೇ ಇದೆ ಅಂತ ನೆನಪಾಯಿತು. ಆಮೇಲೆ ಲೆಕ್ಕ ಹೊಳೆಯಿತು. ನಾವು ಓಡಿಸುವ ಓಟಕ್ಕೆ ಎರಡು ಮೂರು ವಾರಕ್ಕೊಮ್ಮೆ ಹತ್ತಿಸಿದರೆ ಸಾಕು.

ಎರಡು ಮೂರು ವಾರಕ್ಕೊಮ್ಮೆ ಮಾಡುವ ಕೆಲಸದ ಕಷ್ಟ ಏನೆಂದರೆ, ಅದು ಅಭ್ಯಾಸವಾಗುವುದಿಲ್ಲ.

ಒಂದು ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ಕೀ ತಿರುಗಿಸಿದೆ. ಪರದೆ ಕಪ್ಪಗೇ ಇತ್ತು. ಬ್ರೇಕ್ ಹಿಡಿದು ಬಟನ್ ಒತ್ತಿದೆ. ಸೈಡ್ ಸ್ಟ್ಯಾಂಡ್ ಇಳಿದಿದ್ದರೆ ಮೋಟಾರ್ ತಿರುಗುವುದಿಲ್ಲ ಅಂತ ಅದನ್ನೂ ಎತ್ತಿ ನೋಡಿದೆ, ಇಳಿಸಿ ಮತ್ತೆ ಎತ್ತಿದೆ. ಹಳೇ ಚಾಳಿ, ಬಲಗಾಲು ಕಿಕ್ಕರ್ ಹುಡುಕಿಕೊಂಡು ಗಾಳಿಯಲ್ಲಿ ಎರಡು ಸಲ ಹೋಗಿ ಬಂತು. ಸರ್ವೀಸಿನವರಿಗೆ ಫೋನ್ ಮಾಡಿ, ಹೊಸ ಗಾಡಿ ಹೀಗೆ ಕೈಕೊಟ್ಟರೆ ಹೇಗೆ, ಇದೇನು ಮೋಸ ಅಂತ ತಕ್ಕಮಟ್ಟಿಗೆ ದಬಾಯಿಸಿದೆ. ಆ ಕಡೆಯವರು ಸ್ಟ್ಯಾಂಡ್, ಬ್ರೇಕ್, ಕೀ ಎಲ್ಲ ವಿಚಾರಿಸಿದರು. ಆ ಒಂದು ಪ್ರಶ್ನೆ ಮಾತ್ರ ಕೇಳಲಿಲ್ಲ. ಕೇಳಬೇಕು ಅಂತ ಯಾರಿಗೆ ತಾನೆ ಹೊಳೆದೀತು?

ಅರ್ಧ ಗಂಟೆಯಲ್ಲಿ ಉಪಕರಣದ ಚೀಲ ಹೊತ್ತು ಒಬ್ಬ ಹುಡುಗ ಬಂದ. ಅಷ್ಟು ಹೊತ್ತಿಗೆ ಕೆಳಗಿನ ಮನೆ ಅಜ್ಜ, ಪೇಪರಿನವನು, ಬೇವಿನ ಮರದ ಕಟ್ಟೆ ಮೇಲೆ ಕೂರುವ ಮೂವರು, ಎಲ್ಲ ಸೇರಿದ್ದರು. ಹುಡುಗ ಕಾಲಿಡುವ ಜಾಗದ ಮುಚ್ಚಳ ತೆಗೆದ. ಒಳಗೆ ಬಗ್ಗಿ ನೋಡಿದ. ನನ್ನನ್ನು ನೋಡಿದ. ಮತ್ತೆ ಒಳಗೆ ನೋಡಿದ.

"ಮೇಡಂ... ಬ್ಯಾಟರಿ?"

ಮೇಲೆ ಬಾಲ್ಕನಿಯಲ್ಲಿ ನಮ್ಮವರು ನಿಂತಿದ್ದರು. ಯಾವಾಗಿನಿಂದ ನಿಂತಿದ್ದರೋ ಗೊತ್ತಿಲ್ಲ. ಎಳೆಮಗುವನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಅದನ್ನು ಎತ್ತಿಕೊಂಡಿದ್ದರು. "ರಾತ್ರಿಯೇ ಫುಲ್ ಆಗಿದೆ ಕಣೇ" ಅಂತ ಕೂಗಿ ಹೇಳಿದರು, ಬೀದಿಗೆಲ್ಲ ಕೇಳುವ ಹಾಗೆ.

ಹುಡುಗ ಒಳ್ಳೆಯವನು, ನಗಲಿಲ್ಲ. ಬ್ಯಾಟರಿ ಕೂರಿಸಿ, ಪರದೆ ಬೆಳಗಿದ್ದನ್ನು ತೋರಿಸಿ, ಜೇಬಿನಿಂದ ಜಾಬ್ ಕಾರ್ಡ್ ತೆಗೆದು ನಿಯಮದ ಪ್ರಕಾರ ತುಂಬಿಸಿದ. ದೂರು: ಗಾಡಿ ಸ್ಟಾರ್ಟ್ ಆಗುತ್ತಿಲ್ಲ. ಕಾರಣ: ಬ್ಯಾಟರಿ ಮನೆಯಲ್ಲಿತ್ತು. ಪರಿಹಾರ: ಯಜಮಾನರು ತಂದುಕೊಟ್ಟರು.

ಕೆಳಗೆ ಗ್ರಾಹಕರ ಸಹಿ ಅಂತ ಒಂದು ಕಾಲಂ ಇತ್ತು. ಹಾಕಿದೆ.