ರಾತ್ರಿ ಎಲ್ಲಿ ಮಲಗ್ತೀರಿ, ಅದನ್ನ ಮೊದಲು ಹೇಳಿ

ಈಗಷ್ಟೇ ಇನ್ನೊಂದು ರೀಲ್ ನೋಡಿದೆ. 'ಒಂದೇ ಟೆಂಟ್, ಮೂರು ರಾಜ್ಯ, ಮೂರು ನ್ಯಾಷನಲ್ ಪಾರ್ಕ್, ಒಂದೇ ವೀಕೆಂಡ್' ಅಂತೆ. ಡ್ರೋನ್ ಶಾಟು, ಕ್ಯಾಂಪ್‌ಫೈರು, ಮ್ಯಾಪಿನ ಮೇಲೆ ನಮ್ಮ ಬಂಡೀಪುರ, ತಮಿಳುನಾಡಿನ ಮುದುಮಲೈ, ಕೇರಳದ ಮುತ್ತಂಗ ಅಂತ ಮೂರು ಬಾಣ. ಹುಲಿ ಸಂರಕ್ಷಿತ ಪ್ರದೇಶದ ಮೇಲೆ ಅನುಮತಿ ಇಲ್ಲದೆ ಡ್ರೋನ್ ಹಾರಿಸೋ ಹಾಗಿಲ್ಲ ಅನ್ನೋದು ಬೇರೆ ಮಾತು. ಸಂಜೆಯೊಳಗೆ ಅದು ಅಪಾರ್ಟ್‌ಮೆಂಟ್ ಗ್ರೂಪಿಗೂ ಬಂತು. ಕೆಳಗೆ "ಶನಿವಾರ ಬೆಳಗ್ಗೆ ಬೆಂಗಳೂರು ಬಿಟ್ರೆ ಭಾನುವಾರ ರಾತ್ರಿ ಮನೆ, ಯಾರ್ಯಾರು ಬರ್ತೀರ?" ಅಂತ ಉತ್ಸಾಹ ಬೇರೆ. ನನ್ನನ್ನ ಬಲ್ಲವರಿಗೆ ಗೊತ್ತು, ಕಾಡಿನ ವಿಷಯ ಬಂದ್ರೆ ನನ್ನ ಬಾಯಿ ಸುಮ್ಮನಿರಲ್ಲ. ಗ್ರೂಪಲ್ಲಿ ಬೈದ್ರೆ ಮೆಂಟೆನೆನ್ಸ್ ಲೆಕ್ಕದ ಮೀಟಿಂಗಲ್ಲಿ ಮುಖ ತಿರುಗಿಸ್ತಾರೆ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಮೊದಲು ಒಂದು ಸಣ್ಣ ತಿದ್ದುಪಡಿ. ಮುತ್ತಂಗ ನ್ಯಾಷನಲ್ ಪಾರ್ಕೇ ಅಲ್ಲ. ಅದು 1973ರಲ್ಲಿ ಆದ ವಯನಾಡು ವನ್ಯಜೀವಿಧಾಮದ ಒಂದು ಬಾಗಿಲು. ಸುಮಾರು 344 ಚದರ ಕಿಲೋಮೀಟರಿನ ಆ ಧಾಮ ಎರಡು ತುಂಡಾಗಿದೆ. ಬಂಡೀಪುರ, ಮುದುಮಲೈಗೆ ಅಂಟಿಕೊಂಡಿರೋದು ಮುತ್ತಂಗದ ತುಂಡು, ನಾಗರಹೊಳೆಗೆ ಅಂಟಿಕೊಂಡಿರೋದು ತೋಲ್ಪೆಟ್ಟಿಯ ತುಂಡು. ಇದು ಗೊತ್ತಿಲ್ಲದೆ 'ವಯನಾಡು ಸಫಾರಿ' ಅಂತ ಬರೆದು ತಪ್ಪು ಬಾಗಿಲಿಗೆ ಹೋಗೋರು ಇದ್ದಾರೆ. ಹೋಗಲಿ ಬಿಡಿ, ನನ್ನ ತಕರಾರು ಅದಲ್ಲ.

ನನ್ನ ತಕರಾರು ಒಂದೇ. ಈ ಪ್ಲಾನ್ ಮಾಡೋರು ಯಾರೂ ರಾತ್ರಿ ಎಲ್ಲಿ ಮಲಗ್ತೀವಿ ಅಂತ ಯೋಚನೆ ಮಾಡಲ್ಲ. ಟೆಂಟಿನ ಬಾಡಿಗೆ ನೋಡ್ತಾರೆ, ಬಾರ್ಬೆಕ್ಯೂ ಇದೆಯಾ ಕೇಳ್ತಾರೆ, ಸ್ವಿಮ್ಮಿಂಗ್ ಪೂಲ್ ಫೋಟೋ ತರಿಸ್ತಾರೆ. ಆ ಟೆಂಟು ಗೇಟಿನ ಯಾವ ಕಡೆ ಇದೆ ಅಂತ ಮಾತ್ರ ಕೇಳಲ್ಲ.

ಗೇಟಿನ ಲೆಕ್ಕ ಹೀಗಿದೆ. ಗುಂಡ್ಲುಪೇಟೆಯಿಂದ ಎರಡು ಹೆದ್ದಾರಿ ಕಾಡಿಗೆ ನುಗ್ಗುತ್ತವೆ. ಹೆದ್ದಾರಿ 181 ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ದಾಟಿ ಬಂಡೀಪುರದೊಳಗೆ ಹೋಗಿ, ಕೆಕ್ಕನಹಳ್ಳದಲ್ಲಿ ತಮಿಳುನಾಡು ಸೇರುತ್ತೆ. ಹೆದ್ದಾರಿ 766 ಮದ್ದೂರು ಚೆಕ್‌ಪೋಸ್ಟ್ ದಾಟಿ ಮೂಲೆಹೊಳೆ ಮೇಲೆ ಕೇರಳಕ್ಕೆ ಹೋಗುತ್ತೆ. ಎರಡೂ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. 2009ರಿಂದ ಹೀಗೇ ಇದೆ. ಕೇರಳದವರು ವರ್ಷಗಟ್ಟಲೆ ಕೋರ್ಟು ಹತ್ತಿದರೂ ತೆರೆದಿಲ್ಲ, ತೆರೀಲೂಬಾರದು. ಆಂಬುಲೆನ್ಸಿಗೆ, ಬೆರಳೆಣಿಕೆಯ ಸರ್ಕಾರಿ ಬಸ್ಸಿಗೆ ಮಾತ್ರ ಬಿಡ್ತಾರೆ. ನಿಮ್ಮ ಅತ್ತೆ ಊಟಿಯಲ್ಲಿ ಕಾಯ್ತಿದ್ದಾರೆ ಅಂದ್ರೆ ಬಿಡಲ್ಲ.

ಈಗ ಆ ಮ್ಯಾಪಿನ ಬಾಣಗಳನ್ನ ಗಡಿಯಾರದ ಪಕ್ಕ ಇಟ್ಟು ನೋಡಿ. ಟೆಂಟು ಗುಂಡ್ಲುಪೇಟೆ ಕಡೆ ಇದೆ ಅನ್ನಿ. ಬೆಳಗ್ಗೆ ಮುತ್ತಂಗದ ಜೀಪ್ ಸಫಾರಿ ಶುರುವಾಗೋದು 7ಕ್ಕೆ. ಜೀಪುಗಳ ಸಂಖ್ಯೆಗೆ ಮಿತಿ ಇದೆ, ಟೋಕನ್ನಿಗೆ ಜನ ಮೊದಲೇ ಸಾಲು ನಿಂತಿರ್ತಾರೆ. ಮದ್ದೂರು ಗೇಟು ತೆರೆಯೋದು 6ಕ್ಕೆ. ಅಲ್ಲಿ ರಾತ್ರಿಯಿಡೀ ಕಾದ ಲಾರಿಗಳ ಸಾಲು ನಿಮಗಿಂತ ಮುಂದೆ ನಿಂತಿರುತ್ತೆ. ಗುಂಡ್ಲುಪೇಟೆಯಿಂದ ಮುತ್ತಂಗಕ್ಕೆ ಸುಮಾರು 40 ಕಿಲೋಮೀಟರ್, ಕಾಡಿನುದ್ದಕ್ಕೂ ಹಂಪ್ಸು, ಓವರ್‌ಟೇಕ್ ಮಾಡೋ ಹಾಗಿಲ್ಲ. ಏಳೂಕಾಲಿಗೆ ಬೆವರು ಒರೆಸಿಕೊಂಡು ಕೌಂಟರ್ ಮುಟ್ಟೋ ಹೊತ್ತಿಗೆ, ಮುತ್ತಂಗದ ಆಚೆ ಕೇರಳದ ಸುಲ್ತಾನ್ ಬತ್ತೇರಿಯಲ್ಲಿ ಮಲಗಿದ್ದವರು ಟೀ ಕುಡಿದು, ಟೋಕನ್ ತಗೊಂಡು, ಜೀಪಲ್ಲಿ ಕೂತು ಹೋಗಿರ್ತಾರೆ. ಅವರು ನಿಮಗಿಂತ ಬುದ್ಧಿವಂತರು ಅಂತಲ್ಲ. ಗೇಟಿನ ಆ ಕಡೆ ಮಲಗಿದ್ದರು, ಅಷ್ಟೇ.

ಮುದುಮಲೈ ಪಕ್ಕದ ಮಸಿನಗುಡಿಯಲ್ಲಿ ಟೆಂಟ್ ಹಾಕಿದವರ ಕಥೆಯೂ ಇದೇ, ತಿರುಗುಮುರುಗು. ಅಲ್ಲಿಂದ ಬಂಡೀಪುರದ ಬೆಳಗಿನ ಮೊದಲ ಸಫಾರಿ ಅನ್ನೋದು ಆಗದ ಮಾತು, ಯಾಕಂದ್ರೆ ಸಫಾರಿ ಕೌಂಟರ್ ಈಗ ಮೇಲುಕಾಮನಹಳ್ಳಿಯಲ್ಲಿದೆ, ಅಂದ್ರೆ ಕಾಡಿನ ಈಚೆ, ಗುಂಡ್ಲುಪೇಟೆ ಕಡೆಯ ತುದಿಯಲ್ಲಿ. 6ಕ್ಕೆ ಕೆಕ್ಕನಹಳ್ಳದ ಗೇಟು ದಾಟಿ ಇಡೀ ಬಂಡೀಪುರ ಹಾದು ಬರೋ ಹೊತ್ತಿಗೆ ಮೊದಲ ಗಾಡಿಗಳು ಒಳಗೆ ಹೋಗಿಯಾಗಿರುತ್ತೆ. ಮಸಿನಗುಡಿಯಲ್ಲಿ ಮಲಗಿದ್ರೆ ಬೆಳಗ್ಗೆ ಮುದುಮಲೈ ನೋಡಿ. ಅದಕ್ಕೇ ಹೇಳೋದು: ಬೆಳಗ್ಗೆ ಯಾವ ಕಾಡು ಬೇಕೋ ಅದರ ಮಗ್ಗುಲಲ್ಲೇ ರಾತ್ರಿ ಮಲಗಿ. ಗಡಿಯಾಚೆಯ ಕಾಡು ನಿಮಗೆ ಸಿಗೋದಾದ್ರೆ ಮಧ್ಯಾಹ್ನದ ಟ್ರಿಪ್ಪಿಗೆ ಮಾತ್ರ.

"ಅಲ್ಲ ಸರ್, ಮ್ಯಾಪಲ್ಲಿ ಮುದುಮಲೈ, ಮುತ್ತಂಗ ಅಕ್ಕಪಕ್ಕದಲ್ಲೇ ಇವೆಯಲ್ಲ?" ಇವೆ. ಆನೆಗೆ ಅಕ್ಕಪಕ್ಕ, ಇನ್ನೋವಾಗೆ ಅಲ್ಲ. ಮುದುಮಲೈ ಒಳಗಿನ ತೆಪ್ಪಕಾಡಿನಿಂದ ಮುತ್ತಂಗಕ್ಕೆ ಒಂದೋ ಗೂಡಲೂರಿಗೆ ಹೋಗಿ ಬತ್ತೇರಿ ಸುತ್ತಿಕೊಂಡು ಬರಬೇಕು, ಇಲ್ಲ ಗುಂಡ್ಲುಪೇಟೆಗೆ ವಾಪಸ್ ಬಂದು 766 ಹಿಡೀಬೇಕು. ಹೇಗೆ ಹೋದರೂ 75-80 ಕಿಲೋಮೀಟರಿಗೆ ಕಡಿಮೆ ಇಲ್ಲ. ಬೆಂಗಳೂರಿನಿಂದ ಮಂಡ್ಯ ದಾಟೋ ಲೆಕ್ಕದಲ್ಲಿ ಗಂಟೆಗೆ 80 ಹಾಕಬೇಡಿ. ಕಾಡು ರಸ್ತೆಯಲ್ಲಿ, ಚೆಕ್‌ಪೋಸ್ಟ್ ಸಮೇತ, ಗಂಟೆಗೆ 30 ಹಾಕಿ.

ಚೆಕ್‌ಪೋಸ್ಟಲ್ಲಿ ಯಾಕೆ ತಡ ಆಗುತ್ತೆ ಅಂತ ಹೇಳಿಬಿಡ್ತೀನಿ. ಕೆಕ್ಕನಹಳ್ಳ ದಾಟಿದ ಕೂಡಲೇ ನೀಲಗಿರಿ ಜಿಲ್ಲೆ. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ಅಲ್ಲಿಗೆ ಇ-ಪಾಸ್ ಬಂದಿದೆ. 'ನಾವು ಊಟಿಗೆ ಹೋಗ್ತಿಲ್ಲ, ತೆಪ್ಪಕಾಡಿಗಷ್ಟೇ' ಅನ್ನೋ ವಾದ ನಡೆಯಲ್ಲ, ತೆಪ್ಪಕಾಡೂ ನೀಲಗಿರಿಯೇ. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ದಿನಕ್ಕೆ 6,000 ಗಾಡಿ, ವೀಕೆಂಡಿಗೆ 8,000 ಅಂತ ಮಿತಿಯನ್ನೂ ಹಾಕಿದ್ದರು. ಗಾಡಿ ನಂಬರ್, ಎಷ್ಟು ಜನ, ಯಾವ ದಿನ, ಎಲ್ಲಿ ಉಳೀತೀರಿ ಅಂತ ತುಂಬಿದ್ರೆ ಕ್ಯೂಆರ್ ಕೋಡ್ ಇರೋ ಪಾಸ್ ಬರುತ್ತೆ. ಇದನ್ನ ಬೆಂಗಳೂರಿನಲ್ಲೇ ಮಾಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಗಡಿಯಲ್ಲಿ ನಿಂತು ಒಟಿಪಿಗೆ ಫೋನ್ ಮೇಲೆತ್ತಿ ಸಿಗ್ನಲ್ ಹುಡುಕೋರ ಹಿಂದೆ ಇಪ್ಪತ್ತು ಕಾರು ಹಾರ್ನ್ ಹೊಡೀತಿರುತ್ತೆ. ಕಾಡಲ್ಲಿ ಹಾರ್ನ್! ಆಮೇಲೆ 'ಒಂದು ಜಿಂಕೆಯೂ ಕಾಣಲಿಲ್ಲ' ಅಂತ ಗೂಗಲ್ ರಿವ್ಯೂ.

ಅದೇ ಗೇಟಲ್ಲಿ ಡಿಕ್ಕಿ ತೆಗೆಸಿ ಪ್ಲಾಸ್ಟಿಕ್ ಹುಡುಕ್ತಾರೆ. ಲೀಟರಿನ ನೀರಿನ ಬಾಟಲಿ, ಕೂಲ್‌ಡ್ರಿಂಕ್ ಬಾಟಲಿ, ಕ್ಯಾರಿಬ್ಯಾಗು ಎಲ್ಲ ಅಲ್ಲೇ ಬಿಟ್ಟು ಹೋಗಬೇಕು. ಮೈಸೂರು ದಾಟೋ ಮೊದಲೇ ಸ್ಟೀಲ್ ಬಾಟಲಿಗೆ ನೀರು ಸುರಿದುಕೊಂಡರೆ ಹತ್ತು ನಿಮಿಷ ಉಳಿಯುತ್ತೆ. ಹಳದಿ ಬೋರ್ಡಿನ ಟ್ಯಾಕ್ಸಿಯಾದ್ರೆ ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್ ಇದೆಯಾ ಅಂತ ಬುಕ್ ಮಾಡುವಾಗಲೇ ಕೇಳಿ. ಇಲ್ಲದಿದ್ರೆ ತಮಿಳುನಾಡಿಗೊಂದು, ಕೇರಳಕ್ಕೊಂದು ತಾತ್ಕಾಲಿಕ ಪರ್ಮಿಟ್ಟು, ತೆರಿಗೆ, ಅದರ ದುಡ್ಡು ನಿಮ್ಮ ತಲೆಗೇ. ಸೆಲ್ಫ್ ಡ್ರೈವ್ ಬಾಡಿಗೆ ಕಾರಿಗೂ ಇದೇ ಮಾತು.

ಊಟಿಯನ್ನೂ ತುರುಕೋ ಮಹಾನುಭಾವರಿಗೆ ಇನ್ನೊಂದು ವಿಷಯ. ಮಸಿನಗುಡಿಯಿಂದ ಊಟಿಗೆ ಕಲ್ಹಟ್ಟಿ ಘಾಟಿ, 36 ಹೇರ್‌ಪಿನ್ ತಿರುವು. ಹೊರಗಿನ ಗಾಡಿಗಳಿಗೆ ಅದು ಹತ್ತೋಕೆ ಮಾತ್ರ, ಇಳಿಯೋಕೆ ಬಿಡಲ್ಲ. ಇಳಿಜಾರು ಅಷ್ಟು ಕಡಿದು. ಬ್ರೇಕ್ ತುಳಿದುಕೊಂಡೇ ಇಳಿದವರ ಬ್ರೇಕ್ ಕಾದು ಫೇಲಾಗಿ ಎಷ್ಟೋ ಗಾಡಿ ಪ್ರಪಾತಕ್ಕೆ ಬಿದ್ದಿವೆ. ವಾಪಸ್ ಗೂಡಲೂರಿನ ಮೇಲೇ ಬರಬೇಕು. ಊಟಿಯಿಂದ ಗೂಡಲೂರಿಗೇ 50 ಕಿಲೋಮೀಟರ್ ಘಾಟಿ. 'ಏಳಕ್ಕೆ ಟೀ ಕುಡಿದು ಹೊರಟರಾಯ್ತು' ಅಂದುಕೊಂಡ್ರೆ ಕೆಕ್ಕನಹಳ್ಳದ ಗೇಟು, ನೀವು, ಮಧ್ಯೆ ಒಂದು ಕಬ್ಬಿಣದ ಕಂಬ.

'ಹುಲಿಗೆ, ಆನೆಗೆ ಗಡಿ ಇಲ್ಲ, ಮೂರೂ ಒಂದೇ ಕಾಡು, ನಮಗ್ಯಾಕೆ ಗಡಿ' ಅಂತ ಒಬ್ಬರು ಆ ಗ್ರೂಪಲ್ಲೇ ಕವಿತೆ ಥರ ಬರೆದಿದ್ದಾರೆ. ಅರ್ಧ ನಿಜ. 1986ರಲ್ಲೇ 5,520 ಚದರ ಕಿಲೋಮೀಟರ್ ಸೇರಿಸಿ ನೀಲಗಿರಿ ಜೀವಗೋಳ (ಬಯೋಸ್ಫಿಯರ್ ರಿಸರ್ವ್) ಅಂತ ಘೋಷಿಸಿದ್ದು ಅದಕ್ಕೇ. ಬಂಡೀಪುರಕ್ಕೂ ಮುದುಮಲೈಗೂ ಮಧ್ಯೆ ಇರೋದು ಮೋಯಾರ್ ಹೊಳೆ, ಬಂಡೀಪುರಕ್ಕೂ ನಾಗರಹೊಳೆಗೂ ಮಧ್ಯೆ ಕಬಿನಿ. ಒಪ್ಪಿದೆ. ಆದ್ರೆ ಒಂದೇ ಕಾಡು ಅಂದ್ರೆ ಒಂದೇ ಥರದ ಕಾಡು ಅಲ್ಲ ಸ್ವಾಮಿ. ಬಂಡೀಪುರ ಮಳೆ ಮರೆಯ ಒಣ ಕಾಡು. ಮಾರ್ಚ್‌ನಲ್ಲಿ ದಿಂಡಿಗ, ತೇಗ ಎಲೆ ಉದುರಿಸಿ ಬರೀ ಕೊಂಬೆ ನಿಂತಿರುತ್ತೆ, ಕೆಳಗೆ ಲಂಟಾನ ಹಬ್ಬಿದೆ. ಮುದುಮಲೈ ಒಂದರೊಳಗೇ ಮೂರು ಥರ ಕಾಣುತ್ತೆ: ಗೂಡಲೂರಿನ ಕಡೆ ಹೆಚ್ಚು ಮಳೆ ಬೀಳೋ ತೇವದ ಎಲೆ ಉದುರೋ ಕಾಡು, ತೆಪ್ಪಕಾಡಿನ ಹತ್ತಿರ ಒಣ ಕಾಡು, ಮಸಿನಗುಡಿ ದಾಟಿ ಮೋಯಾರ್ ಕಡೆ ಇಳಿದ್ರೆ ಮುಳ್ಳುಕಂಟಿ. ಮುತ್ತಂಗದಲ್ಲಿ ಬೇಸಿಗೆಯಲ್ಲೂ ಹಸಿ ಆರದ ಹಡ್ಲುಗಳಿವೆ, ಅಂದ್ರೆ ಜವುಗು ಹುಲ್ಲುಗಾವಲು. ನಮ್ಮ ಕಡೆ ಕೆರೆ ಬತ್ತಿದಾಗ ಆನೆಗಳು ಅಲ್ಲಿಗೆ ಇಳಿಯೋದು ಆ ನೀರಿಗೆ, ಆ ಹುಲ್ಲಿಗೆ. ಇದನ್ನೆಲ್ಲ ಕಾರಿನ ಕಿಟಕಿಯಿಂದ ಒಂದೇ ದಿನದಲ್ಲಿ ದಾಟಿ 'ಮೂರೂ ಮುಗಿಸಿದ್ವಿ' ಅಂತ ಸ್ಟೇಟಸ್ ಹಾಕೋದು ಯಾವ ಸುಖಕ್ಕೆ?

ನಿಜ ಹೇಳ್ತೀನಿ, ನನಗೆ ಹುಲಿ ಹುಚ್ಚು ಅಷ್ಟಿಲ್ಲ. ಇಡೀ ಆ ಭಾಗದಲ್ಲಿ ಒಂದೇ ಒಂದು ಜಾಗ ಆರಿಸು ಅಂದ್ರೆ ತೆಪ್ಪಕಾಡಿನ ಆನೆ ಕ್ಯಾಂಪ್ ಅಂತೀನಿ. ಬೆಳಗ್ಗೆ ಎಂಟೂವರೆ ಸುಮಾರಿಗೆ ಒಮ್ಮೆ, ಸಂಜೆ ಐದೂವರೆ ಸುಮಾರಿಗೆ ಇನ್ನೊಮ್ಮೆ ಆನೆಗಳಿಗೆ ಊಟ. ರಾಗಿ, ಹುರುಳಿ, ಅಕ್ಕಿ ಬೇಯಿಸಿ ಗಟ್ಟಿ ಮಾಡಿ, ಬೆಲ್ಲ, ಉಪ್ಪು, ಖನಿಜದ ಪುಡಿ ಹಾಕಿ ಕಲಸ್ತಾರೆ. ಯಾವ ಆನೆಗೆ ಎಷ್ಟು ಅನ್ನೋದು ವಯಸ್ಸು, ಆರೋಗ್ಯ ನೋಡಿ ಮೊದಲೇ ಗೊತ್ತುಮಾಡಿರುತ್ತೆ. ಎರಡು ಕೈಯಲ್ಲೂ ಹಿಡಿಯೋಷ್ಟು ದೊಡ್ಡ ಉಂಡೆ ಮಾಡಿ ಮಾವುತ ಹತ್ತಿರ ಬಂದ್ರೆ ಆನೆ ಸೊಂಡಿಲು ಮೇಲೆ ಸುತ್ತಿ ಬಾಯಿ ತೆರೆಯುತ್ತೆ, ಅವನು ಮೊಣಕೈವರೆಗೆ ಕೈ ಹಾಕಿ ನಾಲಗೆ ಮೇಲೆ ಇಟ್ಟು ಬರ್ತಾನೆ. ರಾಗಿ ಮುದ್ದೆ ತಿಂದು ಬೆಳೆದವರಿಗೆ ಇದನ್ನ ನೋಡೋ ಖುಷಿಯೇ ಬೇರೆ. ಇದಕ್ಕೆ ಮುಕ್ಕಾಲು ಗಂಟೆ ಸಾಕು. ಆ ರೀಲಿನ ಪ್ಲಾನಲ್ಲಿ ಇದಕ್ಕೆ ಜಾಗವೇ ಇಲ್ಲ, ಯಾಕಂದ್ರೆ ಐದೂವರೆಗೆ ಅವರು ಯಾವುದೋ ಮೂರನೇ ರಾಜ್ಯದ ಚೆಕ್‌ಪೋಸ್ಟಲ್ಲಿ ನಿಂತಿರ್ತಾರೆ.

ಗಡಿ ದಾಟಿ ಎರಡು ಕಾಡು ನೋಡಲೇಬೇಕು ಅನ್ನೋ ಹಟ ಇದ್ರೆ ಅದಕ್ಕೆ ಸರಿಯಾದ ಜಾಗ ಗುಂಡ್ಲುಪೇಟೆ ಅಲ್ಲ, ಕುಟ್ಟ. ಕೊಡಗಿನ ತುದಿಯ ಊರು. ಒಂದು ಕಡೆ ನಾಗರಹೊಳೆಯ ನಾಣಚ್ಚಿ ಗೇಟು, ಇನ್ನೊಂದು ಕಡೆ ಕೆಲವೇ ಕಿಲೋಮೀಟರ್ ದೂರದಲ್ಲಿ ಕೇರಳದ ತೋಲ್ಪೆಟ್ಟಿ. ಬೆಳಗ್ಗೆ ಒಂದು, ಮಧ್ಯಾಹ್ನ ಇನ್ನೊಂದು, ನಡುವೆ ಊರಲ್ಲೇ ಊಟ. ಮಲಗೋ ಜಾಗ ಕಾಡಿನ ಹೊರಗಿರೋದ್ರಿಂದ ಎರಡರಲ್ಲಿ ಯಾವ ಬೆಳಗನ್ನ ಬೇಕಾದರೂ ಆರಿಸಿಕೊಳ್ಳಬಹುದು. ಹುಣಸೂರು, ಗೋಣಿಕೊಪ್ಪ, ಶ್ರೀಮಂಗಲದ ಮೇಲೆ ಹೋಗಿ. ನಾಗರಹೊಳೆ ಒಳಗಿನ ರಸ್ತೆ ಸಂಜೆ 6ಕ್ಕೇ ಮುಚ್ಚುತ್ತೆ. ಎಚ್.ಡಿ. ಕೋಟೆಯಿಂದ ಬಾವಲಿ ಮೇಲೆ ಮಾನಂದವಾಡಿಗೆ ಹೋಗೋ ರಸ್ತೆಯೂ ಅಷ್ಟೇ, 9 ಅಲ್ಲ, 6. ಬಂಡೀಪುರದ ಟೈಮು ನೆನಪಲ್ಲಿಟ್ಟುಕೊಂಡು ಅಲ್ಲಿಗೆ ಏಳಕ್ಕೆ ಹೋಗಿ ಪೆಚ್ಚಾಗೋರಿಗೆ ಲೆಕ್ಕವಿಲ್ಲ.

ಇನ್ನು ಕ್ಯಾಂಪ್‌ಫೈರು. ಫೆಬ್ರವರಿ, ಮಾರ್ಚ್‌ನಲ್ಲಿ ಕಾಡಂಚಲ್ಲಿ ಬೆಂಕಿ ಹಾಕಿಕೊಡ್ತೀವಿ ಅನ್ನೋ ಕ್ಯಾಂಪನ್ನ ಅಲ್ಲೇ ಕೈಬಿಡಿ. 2019ರ ಫೆಬ್ರವರಿಯಲ್ಲಿ ಬಂಡೀಪುರ ಸಾವಿರಾರು ಎಕರೆ ಉರಿದದ್ದು ಇನ್ನೂ ಮರೆತಿಲ್ಲ. ಬೆಂಕಿಯ ಭಯಕ್ಕೇ ಆ ತಿಂಗಳುಗಳಲ್ಲಿ ಮುತ್ತಂಗ, ಮುದುಮಲೈ ಸಫಾರಿ ನಿಲ್ಲಿಸೋದುಂಟು. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗೆ ರೈತರು ಸತ್ತಾಗ ಬಂಡೀಪುರ, ನಾಗರಹೊಳೆ ಸಫಾರಿಯನ್ನೇ ಬಂದ್ ಮಾಡಿದ್ದರು. ಅಂದ್ರೆ ಹೊರಡೋ ಹಿಂದಿನ ದಿನ ಆಯಾ ಇಲಾಖೆಗೆ ಫೋನ್ ಮಾಡಿ ಕೇಳಬೇಕು, ಒಂದು ರಾಜ್ಯದಲ್ಲಿ ತೆರೆದಿದೆ ಅಂತ ಇನ್ನೊಂದರಲ್ಲೂ ತೆರೆದಿರುತ್ತೆ ಅಂತಿಲ್ಲ. ಬುಕಿಂಗೂ ಬೇರೆಬೇರೆ, ಟಿಕೆಟ್ಟೂ ಬೇರೆಬೇರೆ, ಐಡಿ ಕಾರ್ಡ್ ಮಾತ್ರ ಎಲ್ಲ ಕಡೆ ಬೇಕು.

ಶುಕ್ರವಾರ ಆಫೀಸ್ ಮುಗಿಸಿ ಹೊರಡ್ತೀವಿ ಅನ್ನೋರಿಗೆ: ಬೆಂಗಳೂರಿನಿಂದ ಮಸಿನಗುಡಿಗೆ ಸುಮಾರು 240 ಕಿಲೋಮೀಟರ್, ಐದೂವರೆ-ಆರು ಗಂಟೆ. ಎರಡಕ್ಕೆ ಕೆಂಗೇರಿ ದಾಟಿರಬೇಕು. ನಾಲ್ಕಕ್ಕೆ ಲಾಗ್ಔಟ್ ಮಾಡಿದ್ರೆ ಆ ಆಸೆ ಬಿಟ್ಟುಬಿಡಿ. ಬೈಕಾದ್ರೆ ಇನ್ನೂ ಬೇಗ ಹೊರಡಿ, 2023ರ ಆಗಸ್ಟ್‌ನಿಂದ ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕ್ ಬಿಡಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ನಂಜನಗೂಡು ದಾಟುವಾಗಲೇ ಎಂಟಾಗಿದ್ರೆ ಗಾಡಿ ಓಡಿಸಬೇಡಿ. ಗುಂಡ್ಲುಪೇಟೆಯಲ್ಲಿ ರೂಮ್ ಮಾಡಿ, ಅಲ್ಲೇ ಪೆಟ್ರೋಲ್ ತುಂಬಿಸಿ, ಕ್ಯಾಂಪಿನವರಿಗೆ ಫೋನ್ ಮಾಡಿ ಬೆಳಗ್ಗೆ ಬರ್ತೀವಿ ಅನ್ನಿ. ಅವರೇನೂ ಬೇಜಾರು ಮಾಡ್ಕೊಳಲ್ಲ, ಹೇಗಿದ್ರೂ ದುಡ್ಡು ಮೊದಲೇ ಹಾಕಿಸಿಕೊಂಡಿರ್ತಾರೆ.